ಸುದ್ದಿ ಬಂತು, ನೀರು ಯಾವಾಗ?

‘ನೀರಿನ ಸೋರಿಕೆ ಹಿಡಿಯಲು ಎಐ’, ‘ಮನೆಮನೆಗೂ ಸ್ಮಾರ್ಟ್ ಮೀಟರ್’, ‘ಆ್ಯಪ್ ಬಂತು, ನೀರಿನ ಚಿಂತೆ ಹೋಯಿತು’. ಇಂಥ ತಲೆಬರಹದ ಸುದ್ದಿಗಳು ನನ್ನ ಫೋನಿಗೆ ಆಗಾಗ ಬರುತ್ತವೆ. ಜಾಸ್ತಿ ಕಳಿಸುವವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ. ಕೆಳಗೆ ‘ಮೌಶಿ, ಇದು ಹುಬ್ಬಳ್ಳಿಗೂ ಬರಬೇಕು ನೋಡು’ ಅಂತ ಬರೆದಿರುತ್ತಾನೆ. ಅವನಿಗೆ ಈ ಊರಿನ ಮೇಲೆ ಪ್ರೀತಿ ಇದೆ. ಚಿಕ್ಕವನಿದ್ದಾಗ ರಜೆಗೆ ಬಂದರೆ, ನಳ ಬಂದ ದಿನ ಕೊಡ ತುಂಬಲು ಅವನೂ ಓಡುತ್ತಿದ್ದ. ಅವನಿಗೆ ಸುಮ್ನೆ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸುವುದು ಸರಿ ಅನ್ನಿಸಲಿಲ್ಲ. ಸರಿಯಾಗಿ ಉತ್ತರ ಬರೆಯೋಣ ಅಂತ ಕೂತೆ. ಅದು ಉದ್ದ ಆಯಿತು, ಇಲ್ಲೇ ಹಾಕುತ್ತಿದ್ದೇನೆ.

ನಾನು ಹಳೇ ಹುಬ್ಬಳ್ಳಿಯವಳು. ಪಂಪು, ಪೈಪು ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಟ್ಯಾಲಿ ಇಲ್ಲದೆ ನನ್ನ ಕೆಲಸ ನಡೆಯುವುದಿಲ್ಲ. ಯುಪಿಐ ಬಂದ ಮೇಲೆ ಅಂಗಡಿಯಲ್ಲಿ ಚಿಲ್ಲರೆಗಾಗಿ ಜಗಳ ಆಗಿದ್ದು ನೆನಪಿಲ್ಲ. ಹೀಗಾಗಿ ಹೊಸದನ್ನೆಲ್ಲ ಬೇಡ ಅನ್ನುವವಳು ಅಂತ ಯಾರೂ ತಿಳಿಯಬೇಡಿ. ನನ್ನ ತಕರಾರು ಆ ಸುದ್ದಿಗಳ ಬಗ್ಗೆ. ಉದ್ಘಾಟನೆಯ ದಿನ ಬರೆಯುತ್ತಾರೆ, ಕತ್ತರಿ ಹಿಡಿದ ಫೋಟೊ ಹಾಕುತ್ತಾರೆ. ಎರಡು ವರ್ಷ ಬಿಟ್ಟು ಅದೇ ಓಣಿಗೆ ಬಂದು ‘ಈಗ ಹೇಗಿದೆ’ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

ನಮ್ಮ ಊರಿಗೆ ಇದೇನು ಹೊಸದಲ್ಲ. ಈಗ ಎಷ್ಟು ಜನರಿಗೆ ನೆನಪಿದೆಯೋ, 2011ರ ಹೊತ್ತಿಗೆ ನೆಕ್ಸ್ಟ್‌ಡ್ರಾಪ್ ಅನ್ನುವ ಕಂಪನಿ ಕೆಲಸ ಶುರು ಮಾಡಿದ್ದು ಇದೇ ಹುಬ್ಬಳ್ಳಿ-ಧಾರವಾಡದಲ್ಲಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಲೆಯಲ್ಲಿ ಹುಟ್ಟಿದ ಯೋಚನೆ ಅದು. ನಮ್ಮಲ್ಲಿ ನೀರು ಬಿಡುವುದು ಎಷ್ಟೋ ದಿನಕ್ಕೊಮ್ಮೆ, ಅದೂ ಇಂಥ ಹೊತ್ತಿಗೆ ಅಂತಿಲ್ಲ. ಹೆಂಗಸರು ಕೆಲಸ ಬಿಟ್ಟು ಕಾಯಬೇಕು. ಅದಕ್ಕೆ ಅವರು ಕಂಡುಕೊಂಡ ದಾರಿ ಹೀಗಿತ್ತು: ಓಣಿಗಳಿಗೆ ನೀರು ಬಿಡುವ ವಾಲ್‌ಮನ್ ವಾಲ್ ತಿರುವುವಾಗ ಒಂದು ನಂಬರಿಗೆ ಫೋನ್ ಮಾಡಿ ತಿಳಿಸಬೇಕು, ಆ ಭಾಗದ ಮನೆಗಳಿಗೆ ‘ನೀರು ಬರುತ್ತಿದೆ’ ಅಂತ ಎಸ್‌ಎಂಎಸ್ ಹೋಗಬೇಕು. ಸ್ಮಾರ್ಟ್‌ಫೋನ್ ಬೇಕಾಗಿರಲಿಲ್ಲ, ಪೈಪಿನೊಳಗೆ ಸೆನ್ಸರ್ ಕೂಡಿಸುವ ಖರ್ಚೂ ಇರಲಿಲ್ಲ. ಒಳ್ಳೆಯ ಯೋಚನೆ. ಊರನ್ನು ನೋಡಿ, ಇಲ್ಲಿಯ ತೊಂದರೆ ಅರ್ಥ ಮಾಡಿಕೊಂಡು ಮಾಡಿದ್ದು. ಹೊರದೇಶದ ಪತ್ರಿಕೆಗಳಲ್ಲೂ ಹುಬ್ಬಳ್ಳಿಯ ಹೆಸರು ಬಂತು.

ಆಮೇಲೆ ಆ ಸೇವೆ ಬೆಂಗಳೂರಿಗೂ ಹೋಯಿತು. ಅಲ್ಲಿ ತನು ಕುಮಾರ್, ಆಲಿಸನ್ ಪೋಸ್ಟ್, ಇಶಾ ರೇ ಎಂಬ ಮೂವರು ಸಂಶೋಧಕರು ಅದನ್ನು ಕೂಲಂಕಷವಾಗಿ ಅಳೆದು ನೋಡಿದರು. 2018ರಲ್ಲಿ ಅದು ಪ್ರಕಟವಾಯಿತು. ಸಂದೇಶ ಪಡೆದ ಮನೆಗಳಲ್ಲಿ ನೀರಿಗಾಗಿ ಕಾಯುವ ಹೊತ್ತು ಹೆಚ್ಚೇನೂ ಕಮ್ಮಿ ಆಗಿರಲಿಲ್ಲ. ಬಡವರ ಮನೆಗಳಲ್ಲಿ ಆತಂಕ ಒಂದಿಷ್ಟು ಕಡಿಮೆ ಆಗಿತ್ತು, ಅಷ್ಟೇ. ಕಾರಣ ಹುಡುಕುತ್ತಾ ಹೋದರೆ ಅವರು ಮುಟ್ಟಿದ್ದು ವಾಲ್‌ಮನ್ ಹತ್ತಿರಕ್ಕೆ. ಇಡೀ ವ್ಯವಸ್ಥೆ ನಿಂತಿದ್ದು ಅವರು ಕೊಡುವ ಖಬರಿನ ಮೇಲೆ. ಎಷ್ಟೋ ಸಲ ಆ ಖಬರು ಬರುತ್ತಲೇ ಇರಲಿಲ್ಲ.

ಯಾಕೆ ಬರಬೇಕು? ಇದನ್ನು ನಾನು ಬಹಳ ಯೋಚಿಸಿದ್ದೇನೆ. ನಮ್ಮ ಓಣಿಗೆ ನೀರು ಬಿಡುವ ಕಾಕಾ ಕೆಲಸ ಮಾಡುವುದನ್ನು ನೋಡಿದರೆ ನಿಮಗೂ ಗೊತ್ತಾಗುತ್ತದೆ.

ಅವರು ಬರುವುದು ಹಳೇ ಸೈಕಲ್ ಮೇಲೆ. ಟಿ ಆಕಾರದ ಉದ್ದನೆಯ ಕಬ್ಬಿಣದ ಚಾವಿಯನ್ನು ಹ್ಯಾಂಡಲಿಗೆ ಅಡ್ಡ ಕಟ್ಟಿರುತ್ತಾರೆ. ಮೂಲೆಯಲ್ಲಿ ಒಂದು ತೆಗ್ಗು, ಅದರ ಮೇಲೆ ಫರ್ಸಿ ಕಲ್ಲು. ಫರ್ಸಿ ಸರಿಸಿ, ಮಳೆಗಾಲವಾದರೆ ಒಳಗಿನ ರಾಡಿ ನೀರನ್ನು ಡಬ್ಬಿಯಿಂದ ತೋಡಿ ಹೊರಗೆ ಚೆಲ್ಲಿ, ಚಾವಿ ಇಳಿಬಿಟ್ಟು ವಾಲ್‌ನ ತಲೆ ಹುಡುಕುತ್ತಾರೆ. ಸಿಕ್ಕ ಕೂಡಲೇ ಪೂರ್ತಿ ತಿರುವುವುದಿಲ್ಲ. ನಮ್ಮ ಓಣಿ ಇಳಿಜಾರು. ಒಮ್ಮೆಲೇ ಬಿಟ್ಟರೆ ಕೆಳಗಿನ ಮನೆಗಳಿಗೆ ಧೋ ಅಂತ ಹೋಗುತ್ತದೆ, ಮೇಲಿನವರಿಗೆ ನೂಲಿನಷ್ಟು ದಪ್ಪ ಬಂದರೆ ಪುಣ್ಯ. ಅದಕ್ಕೆ ಮೊದಲು ಕೆಳಗಿನ ವಾಲ್ ಅರ್ಧ ಕಟ್ಟಿ, ಮೇಲಿನವರ ಟಾಕಿ ತುಂಬುವವರೆಗೆ ಬಿಟ್ಟು, ಆಮೇಲೆ ಕೆಳಗಿನದನ್ನು ತೆರೆಯುತ್ತಾರೆ. ನಡುವೆ ಚಾವಿಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾರೆ. ಒಂದು ಸಲ ಕೇಳಿದೆ, ‘ಏನ್ ನೋಡ್ತೀರಿ ಕಾಕಾ?’

‘ನೀರ ಹೊಂಟೈತೋ ಗಾಳಿ ಹೊಂಟೈತೋ ಕೈಗೆ ಹತ್ತತೈತ್ರಿ ಅಕ್ಕಾರ’ ಅಂದರು.

ಅಷ್ಟರಲ್ಲಿ ನಾಲ್ಕು ಬಾಗಿಲಿಂದ ನಾಲ್ಕು ಪ್ರಶ್ನೆ. ಯಾಕೆ ತಡ, ಯಾಕೆ ರಾಡಿ, ಯಾಕೆ ನಮಗೆ ಕಮ್ಮಿ. ಹುಬ್ಬಳ್ಳಿಗೆ ಕುಡಿಯುವ ನೀರು ಬರುವುದು ಮಲಪ್ರಭೆಯ ರೇಣುಕಾಸಾಗರದಿಂದ, ಅತ್ತ ಸವದತ್ತಿಯಿಂದ. ಇನ್ನೊಂದಿಷ್ಟು ಕಲಘಟಗಿ ಕಡೆಯ ನೀರಸಾಗರದಿಂದ. ಅಲ್ಲಿ ಕರೆಂಟ್ ಹೋದರೂ, ನಡುದಾರಿಯಲ್ಲಿ ಪೈಪ್ ಒಡೆದರೂ ಬೈಸಿಕೊಳ್ಳುವವರು ಇವರು. ‘ಆರಕ್ಕ ಬರತೈತಿ ಅಂತ ಫೋನ್‌ನಾಗ ಹೇಳಿ, ಎಂಟಕ್ಕ ಬಂದ್ರ? ನನ್ನ ಹರದ ತಿಂತಾರ್ರಿ’ ಅಂತ ಅವರು ಹೇಳಿದ್ದು ನನಗೆ ನೂರಕ್ಕೆ ನೂರು ಸರಿ ಅನ್ನಿಸುತ್ತದೆ. ಖಬರು ಕೊಟ್ಟರೆ ಅವರಿಗೆ ಸಿಗುವುದು ಏನೂ ಇಲ್ಲ, ತಪ್ಪಾದರೆ ಬೈಗುಳ ಮಾತ್ರ ಗ್ಯಾರಂಟಿ. ಇದು ಪ್ರೋಗ್ರಾಂ ಬರೆಯುವ ಕೋಣೆಯಿಂದ ಕಾಣುವುದಿಲ್ಲ. ಸುದ್ದಿ ಬರೆದವರಿಗೂ ಕಂಡಿರಲಿಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಫೋನ್ ಯಾರ ಕಿಸೆಯಲ್ಲಿ ಇರುತ್ತದೆ? ಆ ಕಾಲಕ್ಕೆ ನಮ್ಮ ಮನೆಯಲ್ಲಿದ್ದ ಫೋನ್ ನಮ್ಮವರ ಜೊತೆ ದುರ್ಗದಬೈಲಿನಲ್ಲಿ ಇರುತ್ತಿತ್ತು. ಬ್ಯಾರಲ್ ಪಕ್ಕ ಕಾಯುತ್ತಿದ್ದವರು ನಮ್ಮ ಅತ್ತೆ. ನೀರಿನ ಖಬರು ಬಂದರೂ ಸೇರುತ್ತಿದ್ದದ್ದು ಮಾರ್ಕೆಟ್ಟಿಗೆ.

ಈಗ ಹೊಸ ಸುದ್ದಿಗೆ ಬರುತ್ತೇನೆ. ಎಐ ಸೋರಿಕೆ ಹಿಡಿಯುತ್ತದೆ ಅನ್ನುವುದು ಸುಳ್ಳಲ್ಲ. ಪೈಪಿಗೆ ಕಿವಿಯಂಥ ಸಾಧನ ಅಂಟಿಸುತ್ತಾರೆ. ಒತ್ತಡದಲ್ಲಿ ಹರಿಯುವ ನೀರು ತೂತಿನಿಂದ ಹೊರಬೀಳುವಾಗ ಒಂದು ಸದ್ದು ಮಾಡುತ್ತದೆ. ಆ ಸದ್ದನ್ನು ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸಿರುತ್ತಾರೆ. ಪೈಪಿನಲ್ಲಿ ಸದಾ ನೀರು ಇರುವ ಊರಿಗೆ ಇದು ಬಹಳ ಒಳ್ಳೆಯದು. ನಮ್ಮ ಪೈಪು ವಾರದ ಬಹುಪಾಲು ಖಾಲಿ. ಖಾಲಿ ಪೈಪು ಏನು ಸದ್ದು ಮಾಡೀತು? ಮೀಟರಿನ ಕಥೆಯೂ ಹಾಗೇ. ನೀರು ಬಿಟ್ಟಾಗ ಮೊದಲು ನುಗ್ಗುವುದು ಗಾಳಿ. ಸಾಮಾನ್ಯ ಮೀಟರಿನ ಮುಳ್ಳು ಆ ಗಾಳಿಗೂ ತಿರುಗುತ್ತದೆ. ಹಿಂದೆಯೇ ಕಸ, ಮಣ್ಣು ಬಂದು ಮೀಟರ್ ಕೆಡುತ್ತದೆ. ಅಂಗಡಿಗೆ ಬರುವ ಪ್ಲಂಬರುಗಳು ದಿನಾ ಹೇಳುವ ಮಾತು ಇದು. ಲೆಕ್ಕವನ್ನು ಫೋನಿಗೆ ಕಳಿಸುವ ಚಿಪ್ ಎಷ್ಟೇ ಜಾಣ ಇರಲಿ, ಅದು ಕಳಿಸುವುದು ಗಾಳಿಯ ಲೆಕ್ಕವೇ.

ಹಾಗಾದರೆ ನಮ್ಮ ಊರಲ್ಲಿ ಏನೂ ಬದಲಾಗಿಲ್ಲವೇ? ಬದಲಾಗಿದೆ. ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಭಾಗಗಳಿಗೆ 24 ತಾಸು ನೀರು ಕೊಡುವ ಪ್ರಯೋಗ ನಡೆಯಿತು. 2008ರ ಹೊತ್ತಿಗೆ ನಮ್ಮ ಅವಳಿ ನಗರದ ಎಂಟು ವಾರ್ಡುಗಳಲ್ಲಿ ನಳ ತಿರುವಿದರೆ ಯಾವ ಹೊತ್ತಲ್ಲೂ ನೀರು. ಅಲ್ಲಿ ಮಾಡಿದ್ದು ಏನು? ಹಳೇ ಪೈಪು ಕಿತ್ತು ಹೊಸದು ಹಾಕಿದರು, ಮನೆಯ ಕನೆಕ್ಷನ್ ಕೂಡ ಬದಲಿಸಿದರು, ಪೈಪಿನಲ್ಲಿ ಒತ್ತಡ ಸದಾ ಇರುವಂತೆ ನೋಡಿಕೊಂಡರು. ತೆಗ್ಗು ತೋಡುವ, ಮೈಕೈ ನೋಯುವ ಕೆಲಸ. ಇದರಿಂದ ಆದ ವ್ಯತ್ಯಾಸ ದೊಡ್ಡದು. ಪೈಪು ಖಾಲಿಯಾದಾಗ ಸುತ್ತಲಿನ ಗಟಾರದ ನೀರನ್ನು ತೂತಿನಿಂದ ಒಳಗೆ ಎಳೆದುಕೊಳ್ಳುತ್ತದೆ, ಯಾವಾಗಲೂ ತುಂಬಿದ್ದರೆ ಆ ದಾರಿ ಇಲ್ಲ. ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಹುಬ್ಬಳ್ಳಿ-ಧಾರವಾಡದ ನಳದ ನೀರಿನದ್ದೇ. ಬಿಟ್ಟು ಬಿಟ್ಟು ನೀರು ಬರುವ ಕಡೆ ನಳದ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಇ-ಕೊಲೈ, ಅಂದರೆ ನೀರಿಗೆ ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ, ಸಿಕ್ಕಿತ್ತು. ಸದಾ ನೀರಿರುವ ಕಡೆ ನೂರಕ್ಕೆ ಒಂದಕ್ಕಿಂತಲೂ ಕಮ್ಮಿ.

ಅಲ್ಲಿಗೇ ನಿಲ್ಲಿಸಿದರೆ ನಾನೂ ಉದ್ಘಾಟನೆಯ ಸುದ್ದಿ ಬರೆದಂತೆ ಆಗುತ್ತದೆ. 2015ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನ ಇದೇ ವಾರ್ಡುಗಳ ಐದು ವರ್ಷದೊಳಗಿನ ಮಕ್ಕಳನ್ನು ನೋಡಿತು. ಒಟ್ಟಾರೆ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಮ್ಮಿ ಇತ್ತು, ಟೈಫಾಯ್ಡ್ ಕೂಡ ಕಮ್ಮಿ ವರದಿಯಾಗಿತ್ತು. ನನಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಮಗುವಿನ ಹೊಟ್ಟೆಗೆ ರೋಗ ಹೋಗುವುದಕ್ಕೆ ನಳ ಒಂದೇ ದಾರಿ ಅಲ್ವಲ್ಲ. ಮನೆ ಮುಂದಿನ ಗಟಾರ ಇದೆ, ಶೌಚಾಲಯ ಇದೆ, ಕೈ ಅದ್ದಿ ನೀರು ತೆಗೆಯುವ ಕೊಡ ಇದೆ. ಅಷ್ಟು ಖರ್ಚು, ಅಷ್ಟು ಒಳ್ಳೆಯ ಕೆಲಸವೇ ಅರ್ಧ ದಾರಿ ಮುಟ್ಟಿಸಿದ್ದರೆ, ಒಂದು ಆ್ಯಪ್ ಎಲ್ಲ ಬಗೆಹರಿಸುತ್ತದೆ ಅಂತ ಹೇಗೆ ನಂಬಲಿ?

ಆ್ಯಪ್ ಅಂದ ಕೂಡಲೇ ಒಂದು ಹೇಳಲೇಬೇಕು. ನಮ್ಮ ಓಣಿಯ ತಿರುವಿನಲ್ಲಿ ಪೈಪ್ ಸೋರುತ್ತಿತ್ತು. ನೀರು ಬಿಟ್ಟ ದಿನ ರಸ್ತೆಯೆಲ್ಲ ಹಳ್ಳ. ಒಂದು ಕಚೇರಿಯ ಆ್ಯಪಿನಲ್ಲಿ ಫೋಟೊ ಹಾಕಿ ದೂರು ಕೊಟ್ಟೆ. ದೂರಿನ ನಂಬರ್ ತಕ್ಷಣ ಬಂತು. ಕೆಲವು ದಿನ ಬಿಟ್ಟು ‘ನಿಮ್ಮ ದೂರು ಬಗೆಹರಿದಿದೆ, ಎಷ್ಟು ಸ್ಟಾರ್ ಕೊಡುತ್ತೀರಿ’ ಅಂತ ಸಂದೇಶ. ಅವತ್ತು ನೀರು ಬಿಟ್ಟಿದ್ದರು. ನಾನು ಸಂದೇಶ ಓದಿದ್ದು ಆ ಹಳ್ಳ ದಾಟುವಾಗಲೇ. ಲೆಕ್ಕ ಬರೆಯುವವಳಾಗಿ ಇದರ ಗುಟ್ಟು ನನಗೆ ಗೊತ್ತು. ಪುಸ್ತಕದಲ್ಲಿ ತಾಳೆ ಆದ ಮಾತ್ರಕ್ಕೆ ಗೋದಾಮಿನಲ್ಲಿ ಪೈಪು ಇದೆ ಅಂತ ಅಲ್ಲ, ವರ್ಷಕ್ಕೊಮ್ಮೆ ಬ್ಯಾಟರಿ ಹಿಡಿದು ಹೋಗಿ ಎಣಿಸಲೇಬೇಕು. ಮೇಲಿನವರು ಪರದೆಯಲ್ಲಿ ನೋಡುವುದು ಎಷ್ಟು ದೂರು ಮುಗಿಯಿತು ಅನ್ನುವ ಅಂಕಿ. ಕೆಳಗಿನವರು ಅಂಕಿಯನ್ನು ಮುಗಿಸುತ್ತಾರೆ. ಆ ಸೋರಿಕೆ ನಿಂತಿದ್ದು ಕಾಕಾ ಇಬ್ಬರು ಹುಡುಗರನ್ನು ಕರೆದುಕೊಂಡು ಬಂದು, ಸಲಿಕೆ ಗುದ್ದಲಿಯಿಂದ ಅಗೆದು, ಹಳೇ ಜೋಡಣೆಯ ರಬ್ಬರ್ ಬದಲಿಸಿದ ಮೇಲೆ.

ಓಣಿಯ ವಾಟ್ಸಾಪ್ ಗ್ರೂಪ್ ಮಾತ್ರ ನಿಜವಾಗಿ ಉಪಯೋಗಕ್ಕೆ ಬಂದಿದೆ. ಮೂಲೆ ಮನೆಯ ಅಜ್ಜಿ ಕಾಕಾನ ಸೈಕಲ್ ಕಂಡ ಕೂಡಲೇ ‘ನಳ ಬಂತು’ ಅಂತ ದನಿ ಕಳಿಸುತ್ತಾರೆ. ಅಜ್ಜಿ ಮಗಳ ಮನೆಗೆ ಬೆಳಗಾವಿಗೆ ಹೋದ ವಾರ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಬಿಟ್ಟರೆ ಏನೂ ಇರಲಿಲ್ಲ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸನ್ನೂ ನೋಡಿ. 2018ರಲ್ಲಿ ಓಡಾಟ ಶುರುವಾದಾಗ ಟಿವಿಯವರು ತೋರಿಸಿದ್ದೆಲ್ಲ ತಾನಾಗಿ ತೆರೆಯುವ ಬಾಗಿಲು, ಪರದೆ, ಕಾರ್ಡು. ಧಾರವಾಡಕ್ಕೆ ಬೇಗ ಮುಟ್ಟುವುದು ಅದರಿಂದಲ್ಲ, ಆ ಬಸ್ಸಿಗೇ ಅಂತ ರಸ್ತೆ ನಡುವೆ ಬಿಟ್ಟ ಬೇರೆ ದಾರಿಯಿಂದ.

ಕಾಕಾ ಇನ್ನೇನು ನಿವೃತ್ತಿಯ ಅಂಚಿನಲ್ಲಿ ಇದ್ದಾರೆ. ಯಾವ ವಾಲ್ ಎಲ್ಲಿದೆ, ಡಾಂಬರು ಹಾಕುವಾಗ ಯಾವುದು ಮುಚ್ಚಿಹೋಯಿತು, ಯಾವುದನ್ನು ಉಲ್ಟಾ ತಿರುವಬೇಕು, ಎಲ್ಲ ಅವರ ತಲೆಯಲ್ಲಿ ಮಾತ್ರ ಇದೆ. ಇಲ್ಲಿ ಫೋನು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅವರ ಜೊತೆ ಓಡಾಡಿ ಪ್ರತಿ ತೆಗ್ಗಿನ ಹತ್ತಿರ ನಿಂತು ಜಿಪಿಎಸ್ ಗುರುತು ಹಾಕಬೇಕು, ಫೋಟೊ ತೆಗೆಯಬೇಕು, ಎಷ್ಟು ಸುತ್ತು ತಿರುವಬೇಕು ಅನ್ನುವುದನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಬೇಕು. ಆದರೆ ಚಾವಿಯ ಮೇಲೆ ಕೈ ಇಟ್ಟು ತಿಳಿಯುವುದನ್ನು ರೆಕಾರ್ಡ್ ಕಲಿಸುವುದಿಲ್ಲ. ಅದಕ್ಕೆ ಜೊತೆಯಲ್ಲಿ ಕೆಲಸ ಮಾಡುವ ಹುಡುಗರೇ ಬೇಕು. ಅದಕ್ಕೇ ಓಣಿಯವರೆಲ್ಲ ಸಹಿ ಮಾಡಿ ವಾರ್ಡ್ ಮೆಂಬರಿಗೆ ಅರ್ಜಿ ಕೊಟ್ಟಿದ್ದೇವೆ: ಕಾಕಾ ಕೆಲಸ ಬಿಡುವ ಮೊದಲೇ ಇಬ್ಬರನ್ನು ನೇಮಿಸಿ ಅವರ ಕೈಕೆಳಗೆ ಹಾಕಿ, ವಾಲ್‌ಗಳ ನಕ್ಷೆ ಮಾಡಿಸಿ. ‘ನೋಡೋಣ’ ಅಂದಿದ್ದಾರೆ. ಮುಂದಿನ ವಾರ ಮತ್ತೆ ಹೋಗುತ್ತೇವೆ. ನಿಮ್ಮ ಓಣಿಯಲ್ಲೂ ಇದೇ ಪರಿಸ್ಥಿತಿ ಇದ್ದರೆ ಹೇಳಿ, ಅರ್ಜಿಯ ಒಕ್ಕಣೆ ಕಳಿಸುತ್ತೇನೆ.