ಜೀಪಿಗೂ ದೋಣಿಗೂ ಒಂದೇ ಜಿಪಿಎಸ್ ಬೇಕು ಅನ್ನುವವರಿಗೆ

ನಾನು ಕೆಲಸ ಮಾಡುವುದು ನದಿ, ಅಳಿವೆ, ಹಿನ್ನೀರುಗಳ ಸಮೀಕ್ಷೆ ಮಾಡುವ ಒಂದು ತಂಡದಲ್ಲಿ. ಉತ್ತರ ಕನ್ನಡ ಮತ್ತು ಶಿವಮೊಗ್ಗ ನಮ್ಮ ಕಾರ್ಯಕ್ಷೇತ್ರ. ತಂಡದ ಉಪಕರಣಗಳನ್ನು ಕೊಳ್ಳುವುದು, ಕಾಯುವುದು, ಹೊಸಬರಿಗೆ ಕಲಿಸುವುದು ನನ್ನ ಪಾಲಿಗೆ ಬಂದ ಕೆಲಸ. ಬೆಳಿಗ್ಗೆ ಕುಮಟಾದಲ್ಲಿ ಜೀಪು ಹತ್ತಿ, ಭರತದ, ಅಂದರೆ ಕಡಲ ನೀರು ಏರುವ ಹೊತ್ತು ನೋಡಿಕೊಂಡು ಅಘನಾಶಿನಿ ನದಿಯಲ್ಲಿ ದೋಣಿ ಏರಿ, ಸಂಜೆ ಮತ್ತೆ ಶಿರಸಿ ಕಡೆ ಘಟ್ಟ ಹತ್ತುವ ದಿನಗಳೇ ಜಾಸ್ತಿ. ಅದಕ್ಕೇ ಇರಬೇಕು, ಬೇರೆ ತಂಡದವರು, ಕಾಲೇಜಿನ ಮೇಷ್ಟ್ರುಗಳು, ಹಿನ್ನೀರಿನಲ್ಲಿ ದೋಣಿ ಇಟ್ಟುಕೊಂಡ ಪರಿಚಯದವರು ಎಲ್ಲರೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ: "ಸಾರ್, ಜೀಪಲ್ಲೂ ಆಗಬೇಕು, ದೋಣಿಯಲ್ಲೂ ಆಗಬೇಕು, ಯಾವ ಜಿಪಿಎಸ್ ತಗೊಳ್ಳಲಿ?"

ಮೊದಲು ನೀರಿಗೆ ಯಾವುದು ಸರಿ ಅಂತ ನೋಡಿ ಕೊಳ್ಳಿ, ಆಮೇಲೆ ಅದನ್ನೇ ರಸ್ತೆಗೆ ಹೊಂದಿಸಿಕೊಳ್ಳಿ. ಇಷ್ಟೇ ನನ್ನ ಉತ್ತರ. ರಸ್ತೆಗೆ ಅಂತ ಮಾಡಿದ್ದನ್ನು ನೀರಿಗೆ ಹೊಂದಿಸಲು ಹೋಗಬೇಡಿ, ಅದು ಆಗುವುದಿಲ್ಲ. ರಸ್ತೆಯಲ್ಲಿ ಜಿಪಿಎಸ್ ಕೈಕೊಟ್ಟರೆ ನಿಲ್ಲಿಸಿ ಕೇಳಲು ಅಂಗಡಿ ಇದೆ, ಬೋರ್ಡು ಇದೆ, ಫೋನು ಇದೆ, ಕೊನೆಗೆ ರಸ್ತೆಯೇ ಎಲ್ಲೋ ಒಂದು ಊರಿಗೆ ಮುಟ್ಟಿಸುತ್ತದೆ. ನೀರಿನ ಮಧ್ಯೆ, ಅದೂ ಮಳೆ ಮೋಡ ಕವಿದ ಸಂಜೆ, ನಾಲ್ಕೂ ದಿಕ್ಕಿನಲ್ಲಿ ಒಂದೇ ಥರದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಾಲು ಕಾಣುವಾಗ, ಕೈಯಲ್ಲಿರುವ ಯಂತ್ರವೇ ಗತಿ.

ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಇದು ತೇಲುತ್ತದಾ? ವಾಟರ್‌ಪ್ರೂಫ್ ಹೌದಾ ಅಂತ ಎಲ್ಲರೂ ಕೇಳುತ್ತಾರೆ, ತೇಲುತ್ತದಾ ಅಂತ ಕೇಳುವವರು ಕಡಿಮೆ. ಎರಡೂ ಬೇರೆ ಬೇರೆ. ಬಾಕ್ಸಿನ ಮೇಲೆ ಐಪಿಎಕ್ಸ್ 7 ಅಂತ ಬರೆದಿದ್ದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ಒಳಗೆ ನೀರು ಹೋಗುವುದಿಲ್ಲ ಅಂತ ಅರ್ಥ. ಆದರೆ ಅದು ಮುಳುಗುತ್ತದೆ. ಗಾರ್ಮಿನ್ ಇಟ್ರೆಕ್ಸ್ 10 ಇದೆಯಲ್ಲ, ಅರಣ್ಯದಲ್ಲಿ, ಕಾಲೇಜುಗಳಲ್ಲಿ ಎಲ್ಲರ ಕೈಯಲ್ಲೂ ಕಾಣುವ ಪುಟ್ಟ ಹಳದಿ ಯಂತ್ರ, ಅದು ನೀರಿಗೆ ಹೆದರುವುದಿಲ್ಲ, ಆದರೆ ದೋಣಿಯಿಂದ ಜಾರಿದರೆ ನೇರ ಕೆಸರಿಗೆ. ಜಿಪಿಎಸ್‌ಮ್ಯಾಪ್ 64, 65 ಕೂಡ ಹಾಗೇ. ಅದೇ ಕಂಪನಿಯ ಜಿಪಿಎಸ್‌ಮ್ಯಾಪ್ 78, ಅದರ ನಂತರ ಬಂದ 79, 86 ಇವು ದೋಣಿಯವರಿಗೆ ಅಂತಲೇ ಮಾಡಿದವು, ತೇಲುತ್ತವೆ. ತೇಲದ್ದನ್ನು ಈಗಾಗಲೇ ಕೊಂಡಿದ್ದರೆ ಅದಕ್ಕೊಂದು ದಾರ ಕಟ್ಟಿ, ದಾರಕ್ಕೆ ಬಲೆಗೆ ಹಾಕುವ ತೇಲುಬೆಂಡು ಕಟ್ಟಿ. ಬೆಂಡು ಯಂತ್ರದ ಭಾರ ತಡೆಯುತ್ತದೋ ಇಲ್ಲವೋ ಅಂತ ಮನೆಯ ಬಕೆಟ್ಟಿನಲ್ಲೇ ನೋಡಿಬಿಡಿ.

ಎರಡನೆಯದು ಪರದೆ ಮತ್ತು ಗುಂಡಿ. ಕಾರಿಗೆ ಹಾಕುವ ನ್ಯಾವಿಗೇಟರ್ ಅಂಗಡಿಯಲ್ಲಿ ನೋಡಲು ಬಹಳ ಚೆನ್ನಾಗಿರುತ್ತದೆ. ದೊಡ್ಡ ಪರದೆ, ಬಣ್ಣ, ಮಾತಾಡುವ ದನಿ. ಅದನ್ನೇ ಮಧ್ಯಾಹ್ನ ಹನ್ನೆರಡಕ್ಕೆ ತದಡಿಯ ಹತ್ತಿರ ತೆರೆದ ದೋಣಿಯಲ್ಲಿ ಹಿಡಿದು ನೋಡಿ. ಬಿಸಿಲು ಮೇಲಿಂದಲೂ ಬರುತ್ತದೆ, ನೀರಿನಿಂದಲೂ ಬರುತ್ತದೆ, ಪರದೆಯಲ್ಲಿ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಕೈಯಲ್ಲಿ ಹಿಡಿಯುವ ಜಿಪಿಎಸ್‌ಗಳ ಪರದೆ ಚಿಕ್ಕದು, ಬಣ್ಣ ಮಂಕು, ಆದರೆ ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗುವಂತೆ ಮಾಡಿರುತ್ತಾರೆ. ಮೇಲೆ ಬಿದ್ದ ಬೆಳಕನ್ನೇ ಹಿಂದಕ್ಕೆ ತಿರುಗಿಸಿ ಬಳಸಿಕೊಳ್ಳುವ ಪರದೆ ಅದು. ಗುಂಡಿಯ ವಿಷಯಕ್ಕೆ ಬಂದರೆ, ಒದ್ದೆ ಕೈ, ಉಪ್ಪು ನೀರಿನ ಹನಿ, ಕೆಲವೊಮ್ಮೆ ಕೈಗವಸು ಇವೆಲ್ಲ ಟಚ್‌ಸ್ಕ್ರೀನಿಗೆ ಆಗದವು. ಹನಿ ಬಿದ್ದರೆ ಅದೇ ಒತ್ತಿದ ಹಾಗಾಗಿ ನಕ್ಷೆ ಎಲ್ಲೆಲ್ಲೋ ಓಡುತ್ತದೆ. ಗಾರ್ಮಿನ್ ಮೊಂಟಾನಾ 700 ಥರದ 5 ಇಂಚು ಟಚ್‌ಸ್ಕ್ರೀನ್ ಜೀಪಿಗೆ ನಿಜಕ್ಕೂ ಹಿತ, ನೀರಿನ ಕೆಲಸ ಕಡಿಮೆ ಇರುವವರಿಗೆ ನಾನೇ ಹೇಳುತ್ತೇನೆ. ದಿನದ ಅರ್ಧ ದೋಣಿಯಲ್ಲೇ ಕಳೆಯುವವರು ಗುಂಡಿ ಇರುವುದನ್ನೇ ತಗೊಳ್ಳಿ.

ಬ್ಯಾಟರಿ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಪೆನ್‌ಸೆಲ್, ಅಂದರೆ ಡಬಲ್ ಎ ಸೆಲ್ ಹಾಕುವ ಯಂತ್ರವೇ ನನಗೆ ಬೇಕು. ಇಟ್ರೆಕ್ಸ್ 10 ಎರಡು ಸೆಲ್‌ಗೆ ಸುಮಾರು 25 ಗಂಟೆ ಓಡುತ್ತದೆ ಅಂತ ಕಂಪನಿ ಹೇಳುತ್ತದೆ, ಪರದೆಯ ಬೆಳಕು ಕಡಿಮೆ ಇಟ್ಟರೆ ಅದಕ್ಕೆ ಹತ್ತಿರ ಬರುತ್ತದೆ. ಸೆಲ್ ಮುಗಿದರೆ ಶರಾವತಿ ಹಿನ್ನೀರಿನಾಚೆಯ ತುಮರಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಹಾಕಿದರೆ ಆಯಿತು. ಒಳಗೇ ಕೂಡಿಸಿದ ಲಿಥಿಯಂ ಬ್ಯಾಟರಿ ಹೆಚ್ಚು ಹೊತ್ತು ಬರಬಹುದು, ಆದರೆ ದೋಣಿಯಲ್ಲಿ ಮುಗಿದರೆ ಒದ್ದೆ ಕೈಯಲ್ಲಿ ರಬ್ಬರ್ ಮುಚ್ಚಳ ತೆಗೆದು ವಯರ್ ಚುಚ್ಚಬೇಕು, ಆ ಮುಚ್ಚಳ ತೆರೆದಷ್ಟು ಹೊತ್ತೂ ನೀರು ಒಳಗೆ ಹೋಗುವ ದಾರಿ ತೆರೆದಿರುತ್ತದೆ. ರೀಚಾರ್ಜ್ ಮಾಡುವ ಸೆಲ್ ಬಳಸುವವರು ಸೆಟ್ಟಿಂಗ್‌ನಲ್ಲಿ ಸೆಲ್‌ನ ಜಾತಿಯನ್ನು ಬದಲಾಯಿಸಲೇಬೇಕು, ಇಲ್ಲದಿದ್ದರೆ ಇನ್ನೂ ಎಷ್ಟು ಉಳಿದಿದೆ ಅಂತ ತೋರಿಸುವ ಲೆಕ್ಕ ಸುಳ್ಳಾಗುತ್ತದೆ.

ಇನ್ನು ರಸ್ತೆ. ಇಂಥ ಯಂತ್ರ ರಸ್ತೆಯಲ್ಲಿ ಫೋನಿನಷ್ಟು ಜಾಣ ಅಲ್ಲ. ಟ್ರಾಫಿಕ್ ಹೇಳುವುದಿಲ್ಲ, ಹೆಚ್ಚಿನವು ಮಾತಾಡುವುದಿಲ್ಲ, ತಿರುವು ಬಂದಾಗ ಬೀಪ್ ಅನ್ನುತ್ತವೆ ಅಷ್ಟೆ. ಜೊತೆಗೆ ಬರುವ ನಕ್ಷೆ ಕೆಲವು ಮಾಡೆಲ್‌ಗಳಲ್ಲಿ ಬರೀ ಹೆದ್ದಾರಿ ಮತ್ತು ದೊಡ್ಡ ಊರುಗಳು. ತಿರುವು ತಿರುವಿಗೂ ದಾರಿ ಹೇಳಬೇಕಾದರೆ ರೂಟ್ ಹಾಕಬಲ್ಲ ನಕ್ಷೆ ಬೇಕು. ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಉಚಿತ ನಕ್ಷೆಗಳು ಸಿಗುತ್ತವೆ, ಮೆಮೊರಿ ಕಾರ್ಡಿಗೆ ಹಾಕಿಕೊಂಡರೆ ಸಾಕು. ಅದಕ್ಕೇ ಕಾರ್ಡ್ ಹಾಕುವ ಜಾಗ ಇದೆಯಾ ಅಂತ ಕೊಳ್ಳುವ ಮೊದಲು ನೋಡಿ, ಇಟ್ರೆಕ್ಸ್ 10ರಲ್ಲಿ ಅದಿಲ್ಲ. ಹಾಗೇ, ಜೀಪಿನಿಂದ ಇಳಿದು ದೋಣಿ ಹತ್ತುವಾಗ ಒಂದು ಸೆಟ್ಟಿಂಗ್ ಬದಲಾಯಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ರಸ್ತೆಯಲ್ಲಿ "ರಸ್ತೆ ಹಿಡಿದು ಹೋಗು", ನೀರಿನಲ್ಲಿ "ನೇರ ಹೋಗು". ಬದಲಾಯಿಸದಿದ್ದರೆ ನದಿಯ ಮಧ್ಯೆ ನಿಂತ ನಿಮ್ಮನ್ನು ಅದು ಹೆದ್ದಾರಿ 66ಕ್ಕೆ ಕರೆದುಕೊಂಡು ಹೋಗಿ ಸೇತುವೆ ದಾಟಿಸಲು ನೋಡುತ್ತದೆ. ಎರಡಕ್ಕೂ ಬೇರೆ ಬೇರೆ ಪ್ರೊಫೈಲ್ ಮಾಡಿಟ್ಟುಕೊಳ್ಳುವ ಸೌಲಭ್ಯ ಇದ್ದರೆ ಒಂದೇ ಒತ್ತಿಗೆ ಮುಗಿಯುತ್ತದೆ. ದೋಣಿ ಪ್ರೊಫೈಲಿನಲ್ಲಿ ವೇಗ ನಾಟ್‌ನಲ್ಲಿ (ಗಂಟೆಗೆ ಎಷ್ಟು ನಾಟಿಕಲ್ ಮೈಲಿ), ದೂರ ನಾಟಿಕಲ್ ಮೈಲಿಯಲ್ಲಿ ಇಟ್ಟುಕೊಳ್ಳಬಹುದು. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್.

"ಎಷ್ಟು ಕರೆಕ್ಟಾಗಿ ತೋರಿಸುತ್ತದೆ?" ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ನೀರಿನ ಮೇಲೆ ಅದು ಅಷ್ಟು ದೊಡ್ಡ ವಿಷಯವೇ ಅಲ್ಲ. ತೆರೆದ ಆಕಾಶದ ಕೆಳಗೆ ಯಾವ ಸಾಧಾರಣ ಯಂತ್ರವಾದರೂ ಕೆಲವೇ ಮೀಟರ್ ವ್ಯತ್ಯಾಸದಲ್ಲಿ ಜಾಗ ಹೇಳುತ್ತದೆ. ಕಷ್ಟ ಬರುವುದು ಘಟ್ಟದಲ್ಲಿ, ದಟ್ಟ ಮರದ ಕೆಳಗೆ. ಅಲ್ಲಿ ಉಪಗ್ರಹದ ಸಿಗ್ನಲನ್ನು ಎರಡು ಬ್ಯಾಂಡ್‌ನಲ್ಲಿ (ತರಂಗಾಂತರದಲ್ಲಿ) ಹಿಡಿಯುವ ದುಬಾರಿ ಮಾಡೆಲ್ ಉಪಯೋಗಕ್ಕೆ ಬರುತ್ತದೆ, ಬರೀ ದೋಣಿಗಾದರೆ ಆ ದುಡ್ಡು ಉಳಿಸಿ. ಹಿಡಿಯುವ ರೀತಿಯೂ ಮುಖ್ಯ. ಮೇಲೆ ಕೊಂಬಿನ ಹಾಗೆ ಆಂಟೆನಾ ಇರುವ 64 ಥರದ್ದನ್ನು ನೆಟ್ಟಗೆ ಹಿಡಿಯಬೇಕು, ಇಟ್ರೆಕ್ಸ್ ಥರದ್ದನ್ನು ಪರದೆ ಆಕಾಶ ನೋಡುವ ಹಾಗೆ ಅಡ್ಡ ಹಿಡಿಯಬೇಕು. ಜೀಪಿನಲ್ಲಿ ಗೇರ್ ಪಕ್ಕದ ತಗ್ಗಿನಲ್ಲಿ ಹಾಕಿಟ್ಟು ಸಿಗ್ನಲ್ ಇಲ್ಲ ಅನ್ನುವವರನ್ನು ನೋಡಿದ್ದೇನೆ. ಮುಂದಿನ ಗಾಜಿನ ಹತ್ತಿರ ಇಡಿ, ಸಾಕು.

ಯಂತ್ರ ಜಾಗ ಸರಿಯಾಗಿಯೇ ಹೇಳುತ್ತದೆ, ನಕ್ಷೆ ಅಲ್ಲಿರುವ ನೀರನ್ನು ಸರಿಯಾಗಿ ಹೇಳುವುದಿಲ್ಲ. ನೀರಿನ ಮೇಲೆ ನಿಜವಾದ ಅಪಾಯ ಇದು. ಲಿಂಗನಮಕ್ಕಿ ಹಿನ್ನೀರನ್ನೇ ನೋಡಿ. ಅಣೆಕಟ್ಟೆಯ ತುಂಬಿದ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹೆಚ್ಚಿನ ನಕ್ಷೆಗಳಲ್ಲಿ ನೀಲಿ ಬಣ್ಣ ಬಳಿದಿರುವುದು ಹೆಚ್ಚುಕಡಿಮೆ ಆ ಮಟ್ಟಕ್ಕೆ. ಮಾರ್ಚ್ ಏಪ್ರಿಲ್ ಹೊತ್ತಿಗೆ ನೀರು ಇಳಿದು, ನಕ್ಷೆಯಲ್ಲಿ ನೀಲಿ ಇರುವ ಕಡೆ ನಡುಗಡ್ಡೆಗಳು ಎದ್ದಿರುತ್ತವೆ, ಹಳೆಯ ಗದ್ದೆಯ ಬದುಗಳು ಕಾಣುತ್ತವೆ, 60ರ ದಶಕದಲ್ಲಿ ಮುಳುಗಿದ ಮರಗಳ ಬೊಡ್ಡೆಗಳು ನೀರಿನ ಮೇಲ್ಮೈಗೆ ಒಂದು ಗೇಣು ಕೆಳಗೆ ನಿಂತಿರುತ್ತವೆ. ಔಟ್‌ಬೋರ್ಡ್ ಎಂಜಿನ್ನಿನ ರೆಕ್ಕೆಗೆ ಅಷ್ಟೇ ಸಾಕು. ಜಿಪಿಎಸ್‌ಗೆ ಆಳ ಗೊತ್ತಿಲ್ಲ, ಅದಕ್ಕೆ ಶಬ್ದ ಕಳಿಸಿ ಆಳ ಅಳೆಯುವ ಸೋನಾರ್ ಬೇರೆ ಬೇಕು. ಅಘನಾಶಿನಿಯಲ್ಲಿ ಅಣೆಕಟ್ಟು ಇಲ್ಲ, ಆದರೆ ಅಲ್ಲಿ ಭರತ ಇಳಿತ ದಿನಕ್ಕೆರಡು ಸಲ ನಕ್ಷೆಯನ್ನು ಬದಲಾಯಿಸುತ್ತದೆ. ನದಿಯ ನಡುಗಡ್ಡೆಯಾದ ಮಾಸೂರು ಕುರ್ವೆಯ ಆಚೀಚೆ ಬೆಳಿಗ್ಗೆ ಸಲೀಸಾಗಿ ಹೋದ ದಾರಿಯಲ್ಲಿ ಮಧ್ಯಾಹ್ನ ಹೆಂಗಸರು ಮೊಣಕಾಲು ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪು) ಆರಿಸುತ್ತಿರುತ್ತಾರೆ.

ಹಾಗಾಗಿ ನೀರಿನಲ್ಲಿ ನಾನು ನಕ್ಷೆಗಿಂತ ಹೆಚ್ಚು ನಂಬುವುದು ಟ್ರ್ಯಾಕ್ ಅನ್ನು, ಅಂದರೆ ನಾವೇ ಹೋದ ದಾರಿಯ ಗೆರೆಯನ್ನು. ಸ್ಥಳೀಯ ದೋಣಿಯವರು ಗಳ ಹಾಕಿ ಆಳ ನೋಡುತ್ತಾ ಒಮ್ಮೆ ಕರೆದುಕೊಂಡು ಹೋದ ದಾರಿಯನ್ನು ಟ್ರ್ಯಾಕ್ ಮಾಡಿ ಉಳಿಸಿ, ಹೆಸರಿನ ಜೊತೆ ಆ ದಿನದ ನೀರಿನ ಮಟ್ಟ ಅಥವಾ ಭರತದ ಹೊತ್ತನ್ನು ಬರೆದಿಡುತ್ತೇವೆ. ಬೊಡ್ಡೆ ಇರುವ ಜಾಗಗಳನ್ನು ಗುರುತು ಹಾಕಿ, ಹತ್ತಿರ ಬಂದರೆ ಕೂಗುವ ಹಾಗೆ ಪ್ರಾಕ್ಸಿಮಿಟಿ ಅಲಾರಂ ಇಡುತ್ತೇವೆ. ಈ ಅಲಾರಂ ಇಲ್ಲದ ಯಂತ್ರವನ್ನು ದೋಣಿಗೆ ಕೊಳ್ಳಬೇಡಿ. ಇನ್ನೊಂದು, ಮ್ಯಾನ್ ಓವರ್‌ಬೋರ್ಡ್ ಗುಂಡಿ: ಯಾರಾದರೂ ನೀರಿಗೆ ಬಿದ್ದ ಕ್ಷಣ ಒತ್ತಿ ಹಿಡಿದರೆ ಆ ಜಾಗ ಗುರುತಾಗಿ ವಾಪಸ್ ದಾರಿ ತೋರಿಸಲು ಶುರು ಮಾಡುತ್ತದೆ. ದೋಣಿ ಹತ್ತುವ ಎಲ್ಲರಿಗೂ, ಒಂದೇ ದಿನಕ್ಕೆ ಬಂದ ವಿದ್ಯಾರ್ಥಿಗೂ, ಅದನ್ನು ತೋರಿಸಿಯೇ ದೋಣಿ ಬಿಡುತ್ತೇನೆ.

ದಿಕ್ಸೂಚಿ ಬಗ್ಗೆಯೂ ಒಂದು ಮಾತು. ಜಿಪಿಎಸ್‌ಗೆ ನೀವು ಚಲಿಸಿದರೆ ಮಾತ್ರ ಯಾವ ಕಡೆ ಹೋಗುತ್ತಿದ್ದೀರಿ ಅಂತ ಗೊತ್ತಾಗುತ್ತದೆ. ರಸ್ತೆಯಲ್ಲಿ ಇದು ಯಾರಿಗೂ ತೊಂದರೆ ಅಲ್ಲ. ಎಂಜಿನ್ ಆಫ್ ಮಾಡಿ ನಿಂತ ದೋಣಿ ಗಾಳಿಗೆ ಸುತ್ತುತ್ತಿರುವಾಗ ಬಾಣದ ಗುರುತು ಸುಮ್ನೆ ತಿರುಗುತ್ತದೆ. ಒಳಗೆ ಬೇರೆ ಎಲೆಕ್ಟ್ರಾನಿಕ್ ದಿಕ್ಸೂಚಿ ಇರುವ ಮಾಡೆಲ್ ಆದರೆ ನಿಂತಲ್ಲೂ ದಿಕ್ಕು ಹೇಳುತ್ತದೆ. ಸೆಲ್ ಬದಲಾಯಿಸಿದ ಮೇಲೆ ಮಾತ್ರ ಅದನ್ನು ಮತ್ತೆ ಹೊಂದಿಸಿಕೊಳ್ಳಬೇಕು.

ತಂಡಗಳ ಮಧ್ಯೆ ಜಗಳ ಬರುವುದು ಅಂಕಿಗಳಿಂದ. ದೋಣಿಯವರು ಜಾಗವನ್ನು ಡಿಗ್ರಿ ಮತ್ತು ನಿಮಿಷದಲ್ಲಿ ಹೇಳುತ್ತಾರೆ, ಫೋನಿನವರು ಡಿಗ್ರಿಯ ದಶಮಾಂಶದಲ್ಲಿ. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ ಅಕ್ಷಾಂಶ 14 ಡಿಗ್ರಿ 31.2 ನಿಮಿಷ ಅಂದರೆ 14.52 ಡಿಗ್ರಿ, ಅಘನಾಶಿನಿಯ ಅಳಿವೆ. ಅದನ್ನೇ ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ 14.312 ಅಂತ ಬರೆದರೆ 23 ಕಿಲೋಮೀಟರ್ ದಕ್ಷಿಣಕ್ಕೆ, ಹೊನ್ನಾವರದ ಹತ್ತಿರ ಹೋಗಿಬಿಡುತ್ತೀರಿ. ಇಡೀ ತಂಡಕ್ಕೆ ಒಂದೇ ರೀತಿ ಅಂತ ನಿಗದಿ ಮಾಡಿ, ಪ್ರತಿ ಯಂತ್ರದ ಹಿಂದೆ ಚೀಟಿ ಅಂಟಿಸಿ. ಮುಳುಗಡೆಗೆ ಮುಂಚಿನ ಹಳೆಯ ಟೋಪೋ ಶೀಟ್ (ಸರ್ವೆ ಇಲಾಖೆಯ ಭೂನಕ್ಷೆ) ಬಳಸುವವರು ಇನ್ನೂ ಹುಷಾರಾಗಿರಬೇಕು. ಭೂಮಿಯ ಆಕಾರವನ್ನು ಹೀಗೆ ಅಂತ ಹಿಡಿದು ಜಾಗ ಅಳೆಯುವ ಲೆಕ್ಕಕ್ಕೆ ಡೇಟಮ್ ಅನ್ನುತ್ತಾರೆ. ಆ ಹಾಳೆಗಳು ಎವರೆಸ್ಟ್ ಡೇಟಮ್‌ನಲ್ಲಿವೆ, ಜಿಪಿಎಸ್ ಲೆಕ್ಕ ಹಾಕುವುದು ಡಬ್ಲ್ಯುಜಿಎಸ್ 84ರಲ್ಲಿ. ನಮ್ಮ ಭಾಗದಲ್ಲಿ ಎರಡಕ್ಕೂ ನೂರು ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ.

ವಿದೇಶದಲ್ಲಿರುವ ಅಣ್ಣನೋ ಭಾವನೋ ತಂದುಕೊಡುತ್ತಾನೆ ಅನ್ನುವವರು ಇದನ್ನು ದಯವಿಟ್ಟು ಓದಿ. ಗಾರ್ಮಿನ್‌ನ ಇನ್‌ರೀಚ್ ಇರುವ ಮಾಡೆಲ್‌ಗಳು, ಉದಾಹರಣೆಗೆ 66ಐ, 86ಐ, ಉಪಗ್ರಹದ ಮೂಲಕ ಸಂದೇಶ ಕಳಿಸುತ್ತವೆ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅಂಥವನ್ನು ಭಾರತಕ್ಕೆ ತರುವುದು, ಬಳಸುವುದು ಕಾನೂನಿಗೆ ವಿರುದ್ಧ. ವಿಮಾನ ನಿಲ್ದಾಣಗಳಲ್ಲಿ ಜನ ಸಿಕ್ಕಿಬಿದ್ದಿದ್ದಾರೆ, ಕೇಸ್ ಆಗಿದೆ. ಬರೀ ಸಿಗ್ನಲ್ ಹಿಡಿಯುವ ಜಿಪಿಎಸ್‌ಗೆ ಈ ತೊಂದರೆ ಇಲ್ಲ. ಹೆಸರಿನ ಕೊನೆಯ ಒಂದು ಅಕ್ಷರ ನೋಡಿ ತರಿಸಿ.

ಹಾಗಾದರೆ ಫೋನೇ ಸಾಕಲ್ವಾ ಅಂತ ಕೇಳಬಹುದು. ಫೋನಿನ ಜಿಪಿಎಸ್ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ, ಆಫ್‌ಲೈನ್ ನಕ್ಷೆ ಇಳಿಸಿಕೊಂಡರೆ ಜೀಪಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ನಮ್ಮ ಜೀಪಿನಲ್ಲೂ ದಾರಿ ಹೇಳುವುದು ಫೋನೇ, ಜಿಪಿಎಸ್ ಪಕ್ಕದಲ್ಲಿ ಟ್ರ್ಯಾಕ್ ಮಾಡುತ್ತಿರುತ್ತದೆ. ದೋಣಿಯಲ್ಲಿ ಫೋನು ಬಿಸಿಲಿಗೆ ಕಾದು ತಾನೇ ಆಫ್ ಆಗುತ್ತದೆ, ಅದೇ ಫೋನು ತುರ್ತಿಗೆ ಕರೆ ಮಾಡಲೂ ಬೇಕು. ಅದರ ಚಾರ್ಜನ್ನು ದಾರಿ ನೋಡಲು ಖರ್ಚು ಮಾಡಬಾರದು. ಕಡಲಿಗೆ ಇಳಿಯುವವರಿಗೆ ಜೆಮಿನಿ ಅನ್ನುವ ಉಪಕರಣ 2019ರಿಂದ ಇದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂಕಾಯಿಸ್ ಕೊಡುವ ಚಂಡಮಾರುತ, ಅಲೆ, ಮೀನು ಸಿಗುವ ಜಾಗದ ಮಾಹಿತಿಯನ್ನು ಭಾರತದ ಗಗನ್ ವ್ಯವಸ್ಥೆಯ ಉಪಗ್ರಹದಿಂದ ಹಿಡಿದು ಬ್ಲೂಟೂತ್‌ನಲ್ಲಿ ಫೋನಿಗೆ ಕೊಡುತ್ತದೆ. ಅದು ಮುನ್ಸೂಚನೆಗೆ, ಅದನ್ನು ನಂಬಿ ಜಿಪಿಎಸ್ ಬಿಡಬೇಡಿ.

ಕೊಂಡ ಮೇಲೆ ಉಪ್ಪು ನೀರಿನಿಂದ ಬಂದ ಸಂಜೆ, ಮುಚ್ಚಳಗಳು ಗಟ್ಟಿಯಾಗಿವೆ ಅಂತ ನೋಡಿ, ಸಿಹಿ ನೀರಿನಲ್ಲಿ ತೊಳೆದು ಒರೆಸಿ. ಆಮೇಲೆ ಸೆಲ್ ತೆಗೆದು, ಕಂಬಿಗಳಲ್ಲಿ ಹಸಿರು ಕಿಲುಬು ಬಂದಿದೆಯಾ ನೋಡಿ, ರಬ್ಬರ್ ಅಂಚಿನಲ್ಲಿ ಕೂತ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಲ್ಲಿ ತೆಗೆಯಿರಿ. ಒಂದು ಕಾಳು ಮರಳು ಸಿಕ್ಕಿಕೊಂಡರೂ ಐಪಿಎಕ್ಸ್ 7 ಅನ್ನುವ ಮಾತಿಗೆ ಅರ್ಥ ಉಳಿಯುವುದಿಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಸದೆ ಇಡುವಾಗ ಸೆಲ್ ಒಳಗೆ ಬಿಡಬೇಡಿ. ಮತ್ತೆ ಹೊರತೆಗೆದ ದಿನ ದೋಣಿ ಹತ್ತುವ ಮೊದಲೇ ದಡದಲ್ಲಿ ಆನ್ ಮಾಡಿ ಕಾಲು ಗಂಟೆ ತೆರೆದ ಜಾಗದಲ್ಲಿಡಿ. ಹಳೆಯದಾದ ಉಪಗ್ರಹಗಳ ಪಟ್ಟಿಯನ್ನು ಅದು ಹೊಸದಾಗಿ ಇಳಿಸಿಕೊಳ್ಳಲು ಅಷ್ಟು ಹೊತ್ತು ಬೇಕು.