‘ಸದರ್ಲಿ’ ಎಂದರೆ ಎತ್ತ ಕಡೆ?

ನೆರೆಮನೆಯ ಹುಡುಗಿ ಇಲ್ಲೇ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿ ಓದುತ್ತಾಳೆ. ಇಂಗ್ಲಿಷಿನಲ್ಲಿ ಎಲ್ಲಾದರೂ ತೊಡಕಾದರೆ ಸಂಜೆ ಹೊತ್ತಿಗೆ ಪುಸ್ತಕ ಹಿಡಿದುಕೊಂಡು ನಮ್ಮ ಜಗಲಿಗೆ ಬರುವುದು ರೂಢಿ. ಕಳೆದ ವಾರ ಅವಳು ತಂದ ಅಭ್ಯಾಸದ ಹಾಳೆಯಲ್ಲಿ, ‘ಸದರ್ಲಿ’ (southerly) ಗಾಳಿಗೆ ಸಿಕ್ಕಿದ ಹಾಯಿದೋಣಿಯೊಂದು ತೇಲಿಹೋಯಿತೆಂಬ ಇಂಗ್ಲಿಷ್ ವಾಕ್ಯವಿತ್ತು. ದೋಣಿ ಯಾವ ದಿಕ್ಕಿಗೆ ಹೋಯಿತು ಎಂಬುದು ಪ್ರಶ್ನೆ. ಅವಳು ದಕ್ಷಿಣಕ್ಕೆ ಎಂದು ಬರೆದಿದ್ದಳು, ಅದರ ಮೇಲೆ ಕೆಂಪು ಗೆರೆ ಬಿದ್ದಿತ್ತು. ಇಷ್ಟು ವರ್ಷ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಯೂ, ಮೊದಲ ನೋಟಕ್ಕೆ ನನಗೂ ಅವಳ ಉತ್ತರವೇ ಸರಿಯೆನ್ನಿಸಿತೆಂಬುದನ್ನು ಮುಚ್ಚಿಡುವುದಿಲ್ಲ.

ದೋಣಿ ಹೋದದ್ದು ಉತ್ತರಕ್ಕೆ. ಗಾಳಿಗೆ ಹೆಸರಿಡುವಾಗ ಇಂಗ್ಲಿಷು ಅದು ಎಲ್ಲಿಗೆ ಹೋಗುತ್ತದೆಂದು ನೋಡುವುದಿಲ್ಲ, ಎಲ್ಲಿಂದ ಬಂತೆಂದು ನೋಡುತ್ತದೆ. ಹವಾಮಾನದ ವರದಿಯಲ್ಲಿ ಗಾಳಿಯ ದಿಕ್ಕು 180 ಡಿಗ್ರಿ ಎಂದಿದ್ದರೆ ಅದು ದಕ್ಷಿಣದಿಂದ ಬೀಸುವ ಗಾಳಿ, 270 ಎಂದಿದ್ದರೆ ಪಶ್ಚಿಮದಿಂದ ಬೀಸುವ ಗಾಳಿ. ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟುವ ನೈಋತ್ಯ ಮಾರುತಕ್ಕೆ ಆ ಹೆಸರು ಬಂದಿರುವುದು ಅದು ನೈಋತ್ಯದಿಂದ ಬರುವುದರಿಂದಲೇ ಹೊರತು ನೈಋತ್ಯದತ್ತ ಹೋಗುವುದರಿಂದಲ್ಲ. ನಮ್ಮ ಮಾತಿನಲ್ಲಿಯೂ ಲೆಕ್ಕ ಹೀಗೆಯೇ ಇದೆ. ಪಡುಗಾಳಿ ಎಂದರೆ ಕಡಲ ಕಡೆಯಿಂದ ಬರುವ ಗಾಳಿ. ಅದು ಪಡುವಣಕ್ಕೆ ಹೋಗುವ ಗಾಳಿಯೆಂದು ಇಲ್ಲಿ ಯಾರೂ ತಿಳಿಯುವುದಿಲ್ಲ. ಪಂಪನ ಕಾಲದ ತೆಂಕಣ ಗಾಳಿಯೂ ತೆಂಕಿನಿಂದಲೇ ಬೀಸುತ್ತಿತ್ತು. ಹುಡುಗಿಗೆ ಪಡುಗಾಳಿಯನ್ನು ನೆನಪಿಸಿದ್ದೇ ತಡ, ಪ್ರಶ್ನೆ ಅರ್ಧಕ್ಕರ್ಧ ಬಿಡಿಸಿಕೊಂಡಿತು.

ಅರ್ಧ ಏಕೆಂದರೆ, ಅದೇ ‘ಸದರ್ಲಿ’ ಗಾಳಿಯ ಪಕ್ಕ ಬಿಟ್ಟು ಬೇರೆ ನಾಮಪದದ ಪಕ್ಕ ನಿಂತಾಗ ಮುಖ ತಿರುಗಿಸಿಬಿಡುತ್ತದೆ. ಒಬ್ಬನು ‘ಸದರ್ಲಿ’ ದಿಕ್ಕಿನಲ್ಲಿ ನಡೆದನೆಂದರೆ ಅವನು ಹೋದದ್ದು ದಕ್ಷಿಣಕ್ಕೆ. ಒಂದು ಊರಿನ ಅತ್ಯಂತ ‘ಸದರ್ಲಿ’ ಮನೆ ಎಂದರೆ ತೆಂಕಣ ತುದಿಯ ಮನೆ; ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಇನ್ನು ಕಡಲಿನ ಪ್ರವಾಹದ ವಿಷಯಕ್ಕೆ ಬಂದರೆ, ಅದಕ್ಕೆ ಹೆಸರು ಹರಿದುಹೋಗುವ ದಿಕ್ಕಿನಿಂದ ಬರುತ್ತದೆ. ಹೀಗಾಗಿ ಇಂಗ್ಲಿಷಿನ ಒಂದೇ ವಾಕ್ಯದಲ್ಲಿ ‘ಸದರ್ಲಿ’ ಗಾಳಿಯೂ ‘ಸದರ್ಲಿ’ ಪ್ರವಾಹವೂ ಒಟ್ಟಿಗೆ ಬಂದರೆ ಅವೆರಡೂ ಜೊತೆಯಾಗಿ ಸಾಗುತ್ತಿಲ್ಲ, ಎದುರುಬದುರಾಗಿ ಬಡಿದುಕೊಳ್ಳುತ್ತಿವೆ ಎಂದೇ ಅರ್ಥ. ನಮ್ಮ ಪಡುಕರಾವಳಿಯ ಪ್ರವಾಹ ಮಳೆಗಾಲದಲ್ಲಿ ದಕ್ಷಿಣಕ್ಕೂ ಚಳಿಗಾಲದ ತಿಂಗಳುಗಳಲ್ಲಿ ಉತ್ತರಕ್ಕೂ ಹರಿಯುವುದರಿಂದ, ಈ ಕಡಲಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡಕ್ಕೆ ತರುವವರು ಎರಡೂ ಕಡೆ ಎಚ್ಚರವಾಗಿರಬೇಕಾಗುತ್ತದೆ. ಅನುಮಾನವೇ ಬೇಡವೆನ್ನುವವರು ಪ್ರವಾಹಕ್ಕೆ ‘ಸೌತ್‌ವರ್ಡ್’ ಎಂದು ಬರೆಯುತ್ತಾರೆ. ಆ ‘ವರ್ಡ್’ ನಮ್ಮ ‘ಕಡೆಗೆ’ ಎಂಬುದರ ಹಾಗೆ, ಅದಕ್ಕೆ ಇರುವುದು ಒಂದೇ ಮುಖ.

ಇದೇ ಕುಟುಂಬದ ‘ಸದರ್ನ್’ ಎಂಬ ಪದ ಬೇರೆ ಜಾತಿಯದು. ಅದು ಚಲನೆಯನ್ನು ಹೇಳುವುದಿಲ್ಲ, ಸೇರಿಕೆಯನ್ನು ಹೇಳುತ್ತದೆ. 1951ರ ಏಪ್ರಿಲ್ 14ರಂದು ರೂಪುಗೊಂಡ ಸದರ್ನ್ ರೈಲ್ವೆಯ ಗಾಡಿಗಳು ಕಾಸರಗೋಡಿನಿಂದ ಉತ್ತರದ ಮಂಗಳೂರಿಗೆ ಓಡಿದರೂ ಸದರ್ನ್ ರೈಲ್ವೆಯ ಗಾಡಿಗಳೇ. ಯಕ್ಷಗಾನದ ತೆಂಕುತಿಟ್ಟನ್ನು ಇಂಗ್ಲಿಷಿಗೆ ತರುವಾಗ ‘ಸದರ್ನ್’ ಶೈಲಿ ಎನ್ನಬೇಕು. ‘ಸದರ್ಲಿ’ ಎಂದರೆ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನನ್ನು ಗಾಳಿಗೆ ತೂರಿದಂತಾದೀತು. ಉಚ್ಚಾರದಲ್ಲಿಯೂ ಒಂದು ಸೂಕ್ಷ್ಮವಿದೆ: ‘ಸೌತ್’ ಎಂಬಲ್ಲಿರುವ ಔಕಾರ ‘ಸದರ್ನ್’, ‘ಸದರ್ಲಿ’ ಎನ್ನುವಾಗ ಉಳಿಯುವುದಿಲ್ಲ, ಬರವಣಿಗೆಯಲ್ಲಿ ಮಾತ್ರ ಹಾಗೆಯೇ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಬರೆದದ್ದನ್ನು ನಂಬಿ ‘ಸೌದರ್ನ್’ ಎನ್ನುತ್ತಾರೆ. ಕನ್ನಡದಂಥ ಲಿಪಿಯಲ್ಲಿ ಅಕ್ಷರ ಕಲಿತವರು ಬರೆದದ್ದನ್ನು ನಂಬುವುದು ದೊಡ್ಡ ಅಪರಾಧವೇನೂ ಅಲ್ಲ.

ಸೇರಿಕೆ ಎಂದೆ, ಆದರೆ ನಮ್ಮೂರಿನವರಿಗೆ ಆ ಸೇರಿಕೆಯೂ ಸ್ಥಿರವಾಗಿ ಉಳಿಯಲಿಲ್ಲ. 1862ರಲ್ಲಿ ಕೆನರಾದ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋದ ಮೇಲೆ ಮದರಾಸಿನ ಕೈಯಲ್ಲಿ ಉಳಿದದ್ದು ಸೌತ್ ಕೆನರಾ, ಅದರ ತೆಂಕಣ ತುದಿಯ ತಾಲೂಕು ಕಾಸರಗೋಡು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಒಂದು ಅಂಗುಲವೂ ಅಲುಗಾಡದೆ, ತೆಂಕಣ ತುದಿಯಾಗಿದ್ದ ನೆಲ ಬೆಳಗಾಗುವಷ್ಟರಲ್ಲಿ ಬಡಗಣ ತುದಿಯಾಯಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾದ ಮೇಲೂ ಕೇರಳದ ಲೆಕ್ಕದಲ್ಲಿ ನಾವು ಉತ್ತರದವರು. ಮಂಗಳೂರಿನ ನೆಂಟರು ಮಾತ್ರ ಇಂದಿಗೂ ನಮ್ಮನ್ನು ತೆಂಕಿನವರೆಂದೇ ಕರೆಯುತ್ತಾರೆ.

ದಿಕ್ಕಿನ ಪದದ ಹಿಂದೆ ಬರುವ ಸಣ್ಣ ಪದಗಳನ್ನೂ ಹುಡುಗಿಗೆ ಹೇಳಿದೆ, ಏಕೆಂದರೆ ಅಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. ಮಂಜೇಶ್ವರ ಜಿಲ್ಲೆಯ ಉತ್ತರದಲ್ಲಿದೆ, ಮಂಗಳೂರು ಜಿಲ್ಲೆಯ ಉತ್ತರಕ್ಕಿದೆ. ನಾವು ‘ಅಲ್ಲಿ’ ಎಂದಲ್ಲಿ ಇಂಗ್ಲಿಷಿನವರು ‘ಇನ್’ ಎನ್ನುತ್ತಾರೆ, ‘ಕ್ಕೆ’ ಎಂದಲ್ಲಿ ‘ಟು’ ಎನ್ನುತ್ತಾರೆ. ಒಳಗಿನದಕ್ಕೆ ಒಂದು, ಹೊರಗಿನದಕ್ಕೆ ಒಂದು. ಗಡಿ ತಾಗಿಕೊಂಡಿದ್ದರೆ ಅವರಿಗೆ ‘ಆನ್’ ಎಂಬ ಮೂರನೆಯದೂ ಉಂಟು, ಜಾಗದ ದಸ್ತಾವೇಜುಗಳ ಚಕ್ಕುಬಂದಿಯಲ್ಲಿ ಅದನ್ನು ಕಾಣಬಹುದು. ನಮ್ಮ ಕಡೆ ಇದು ವ್ಯಾಕರಣದ ಮಾತಷ್ಟೇ ಆಗಿ ಉಳಿದಿಲ್ಲ. ಮಹಾಜನ ಆಯೋಗ 1967ರಲ್ಲಿ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ್ದು ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗವನ್ನು. ಆ ‘ಉತ್ತರಕ್ಕೆ’ ಎಂಬ ಪದವನ್ನು ಇಲ್ಲಿನ ಹಿರಿಯರು ಹೊಳೆಯ ಆಚೆ ಈಚೆ ನಿಂತು ಎಷ್ಟು ಸಲ ಉಚ್ಚರಿಸಿದ್ದಾರೋ.

ಚಲನೆಯನ್ನು ಹೇಳುವಾಗ ಮಾತ್ರ ಇಂಗ್ಲಿಷು ಬರಿಗೈಯಲ್ಲಿ ಹೊರಡುತ್ತದೆ: ‘ಗೋ ಸೌತ್’ ಎಂದರೆ ಸಾಕು, ನಡುವೆ ‘ಟು’ ಹಾಕಿದರೆ ತಪ್ಪು. ಇದೇ ಮಾತಿಗೆ ಅಮೆರಿಕದ ಬಳಕೆಯಲ್ಲಿ ಕೆಟ್ಟುಹೋಗುವುದು, ಇಳಿಮುಖವಾಗುವುದು ಎಂಬ ಅರ್ಥವೂ ಇದೆ. ಭೂಪಟದಲ್ಲಿ ದಕ್ಷಿಣ ಕೆಳಗಿರುವುದೇ ಕಾರಣವಿರಬೇಕು. ತೆಂಕನ್ನು ಯಮನ ದಿಕ್ಕೆಂದು ಅಂಜುವ ನಮಗೆ ಈ ಬಳಕೆ ಥಟ್ಟನೆ ಅರ್ಥವಾಗುತ್ತದೆ, ಆದರೆ ಕಾಸರಗೋಡಿನವರಿಗೆ ಸರಕಾರದ ಕೆಲಸವೇನಿದ್ದರೂ ಐನೂರು ಕಿಲೋಮೀಟರಿಗೂ ಮಿಕ್ಕಿ ತೆಂಕಿಗೆ, ತಿರುವನಂತಪುರಕ್ಕೇ ಹೋಗಬೇಕಾಗಿದೆ. ‘ಸೌತ್’ ಪದದ ಮೂಲಕ್ಕೆ ಸೂರ್ಯನ ನಂಟಿದೆಯೆಂದು ನಿರುಕ್ತ ಬಲ್ಲವರು ಊಹಿಸುತ್ತಾರೆ. ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುವ ಇಂಗ್ಲೆಂಡಿಗೆ ಅದು ಒಪ್ಪುವ ಮಾತು. ಹನ್ನೆರಡೂವರೆ ಡಿಗ್ರಿ ಅಕ್ಷಾಂಶದ ನಮ್ಮ ಅಂಗಳದಲ್ಲಾದರೋ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ನಮ್ಮ ‘ದಕ್ಷಿಣ’ಕ್ಕೆ ಮೂಲದಲ್ಲಿ ಬಲಗಡೆ ಎಂಬ ಅರ್ಥ, ಮೂಡಣಕ್ಕೆ ಮುಖ ಮಾಡಿ ನಿಂತವರ ಬಲಗೈಯ ಕಡೆ.

ಹುಡುಗಿ ಮರುದಿನ ಆ ಹಾಳೆಯ ಅಂಚಿನಲ್ಲಿ ತನ್ನದೇ ಕನ್ನಡದಲ್ಲಿ, ತೆಂಕಣ ಗಾಳಿ ದೋಣಿಯನ್ನು ಬಡಗಿಗೆ ತಳ್ಳಿತು ಎಂದು ಬರೆದು ತೋರಿಸಿದಳು. ಇಂಗ್ಲಿಷ್ ವಾಕ್ಯವನ್ನು ಗಟ್ಟಿಯಾಗಿ ಓದುವಾಗ ಮಾತ್ರ ಇನ್ನೂ ‘ಸೌದರ್ಲಿ’ ಎಂದೇ ಓದುತ್ತಾಳೆ.