ಗೆರೆ ಮೂರರಲ್ಲೇ ಇತ್ತು

ಮಳೆಗಾಲ ಹಿಡಿಯುವ ಮುಂಚೆ ನಮ್ಮ ರ‍್ಯಾಫ್ಟಿಂಗ್ ಕಂಪನಿಯ ಕಚೇರಿಯಿಂದ ತಪ್ಪದೆ ಒಂದು ಚಾರ್ಟ್ ಬರುತ್ತದೆ. ಹೊಳೆಯ ನೀರು ಎರಡು ಅಡಿಯವರೆಗೆ ಹಸಿರು, ಮೂರೂವರೆಯವರೆಗೆ ಹಳದಿ, ಅದರಾಚೆ ಕೆಂಪು. ಅದನ್ನು ಲ್ಯಾಮಿನೇಟ್ ಮಾಡಿಸಿ ಶೆಡ್ಡಿನ ಗೋಡೆಗೆ ಅಂಟಿಸಬೇಕು. ಬೆಳಿಗ್ಗೆ ಎಂಟಕ್ಕೆ ಪುಟ್‌ಇನ್, ಅಂದರೆ ದೋಣಿ ನೀರಿಗಿಳಿಸುವ ಜಾಗದ ಬಂಡೆಯ ಮೇಲೆ ನೀರು ಯಾವ ಅಡಿ ಗೆರೆಯಲ್ಲಿದೆ ಎಂಬುದರ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬೇಕು. ಬಣ್ಣ ನೋಡಿ ಬೆಂಗಳೂರಿನಲ್ಲಿ ಕುಳಿತವರು ಬ್ಯಾಚ್ ಖಚಿತಪಡಿಸುತ್ತಾರೆ.

ಚಾರ್ಟ್ ಮಾಡಿದವರು ದಾಂಡೇಲಿ ಕಡೆ ಕೆಲಸ ಮಾಡಿ ಬಂದವರು. ಅವರನ್ನು ದೂರುವುದಿಲ್ಲ, ಕಾಳಿ ನದಿಗೆ ಅದು ಸರಿಯಾಗಿಯೇ ಇದೆ. ಸೂಪಾ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿದರೆ ನೀರು ಉಂಟು, ನಿಂತರೆ ಇಲ್ಲ. ನಲ್ಲಿ ತಿರುಗಿಸಿದಂತೆ. ಯಂತ್ರ ತಿರುಗುವಷ್ಟು ಹೊತ್ತು ಮಟ್ಟ ಹೆಚ್ಚುಕಡಿಮೆ ಒಂದೇ. ಅಲ್ಲಿ ಒಂದು ಗೆರೆ, ಒಂದು ಫೋಟೊ ಸಾಕು.

ನಾವಿರುವುದು ದಕ್ಷಿಣ ಕೊಡಗಿನ ಬರಪೊಳೆಯಲ್ಲಿ. ಕೊಡಗು ಎಂದರೆ ಎಲ್ಲರಿಗೂ ಕಾವೇರಿ. ಬ್ರಹ್ಮಗಿರಿ ಸಾಲಿನಲ್ಲೇ ಹುಟ್ಟುವ ಲಕ್ಷ್ಮಣತೀರ್ಥವೂ ಕಾವೇರಿಗೇ ಹೋಗುತ್ತದೆ. ಇದು ಮಾತ್ರ ಪಶ್ಚಿಮಕ್ಕೆ ತಿರುಗಿ, ಕಾಡಿನ ಇಳಿಜಾರಿನಲ್ಲಿ ಧುಮುಕುತ್ತ ಕೇರಳಕ್ಕಿಳಿದು, ವಳಪಟ್ಟಣಂ ಹೊಳೆಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ನಾವು ದೋಣಿ ಇಳಿಸುವ ಜಾಗದ ಮೇಲೆ ನೀರು ಹಿಡಿದಿಡುವಂಥದ್ದು ಏನೂ ಇಲ್ಲ. ಹುಲ್ಲುಗುಡ್ಡ, ಶೋಲಾ ಕಾಡು, ಒಂದಿಷ್ಟು ಕಾಫಿ ತೋಟ, ಅಷ್ಟೇ. ಜೂನ್ ಮೊದಲ ವಾರದಲ್ಲಿ ಮೂರು ಇಂಚು ಸುರಿದರೂ ನೆಲ ಕುಡಿದುಬಿಡುತ್ತದೆ. ಜುಲೈ ನಡುವಿನಲ್ಲಿ ಹಿಡಿಯುವ ಕಕ್ಕಡ ತಿಂಗಳ ಹೊತ್ತಿಗೆ ಅದಕ್ಕೆ ಹೊಟ್ಟೆ ತುಂಬಿರುತ್ತದೆ. ಆಮೇಲೆ ಬಿದ್ದ ಒಂದಿಂಚೂ ನೇರವಾಗಿ ಹೊಳೆಗೇ.

ಅದೊಂದು ಶನಿವಾರ, ಆಶ್ಲೇಷಾ ಮಳೆಯ ದಿನಗಳು. ‘ಆಶ್ಲೇಷಾ ಮಳೆ, ಈಸಲಾರದ ಹೊಳೆ’ ಎಂಬ ಗಾದೆ ನಮ್ಮಜ್ಜಿಯ ಬಾಯಲ್ಲಿ ಸದಾ ಇತ್ತು. ಕಚೇರಿಯ ಚಾರ್ಟ್‌ನಲ್ಲಿ ಮಳೆ ನಕ್ಷತ್ರಗಳಿಗೆ ಅಂಕಣವಿಲ್ಲ. ಎಂಟಕ್ಕೆ ಗೆರೆ ಸರಿಯಾಗಿ ಮೂರು. ಶೆಡ್ಡಿಗೆ ಮರಳಿ, ಮೇಲಿನ ತೋಟದ ಗುಮಾಸ್ತರಾದ ರೈಟರ್‌ಗೆ ಫೋನ್ ಮಾಡಿ ಮಳೆ ಎಷ್ಟೆಂದು ಕೇಳಿದೆ. “ಒಂದೂಕಾಲು ಇಂಚು,” ಎಂದರು. ಆ ವಾರವಿಡೀ ಮೂರು, ನಾಲ್ಕು ಎಂದೇ ಕೇಳಿದ್ದ ನನಗೆ ಇದು ಬಿಡುವಿನಂತೆ ಕಂಡಿತು. ಮೇಲಾಗಿ, ನಾಲ್ಕು ದಿನದಿಂದ ಕಾಣದ ಬಿಸಿಲು ಬಿದ್ದಿತ್ತು. ಫೋಟೊ ಹಾಕಿದೆ. ಹಳದಿ. ಎರಡು ರ‍್ಯಾಫ್ಟ್, ಮುಂದೆ ಹೋಗಿ ಕಾವಲು ನಿಲ್ಲುವ ಒಂದು ಸೇಫ್ಟಿ ಕಯಾಕ್, ಒಬ್ಬರೇ ಕೂರುವ ದೋಣಿ. ಕಯಾಕ್ ನನ್ನದು.

ಒಂಬತ್ತೂವರೆಯ ಬ್ಯಾಚ್ ಎಂದೂ ಒಂಬತ್ತೂವರೆಗೆ ಹೊರಡುವುದಿಲ್ಲ. ಹೋಂಸ್ಟೇಯಲ್ಲಿ ಕಡುಬು ತಡವಾಯಿತು, ಜೀಪಿನಲ್ಲಿ ಒಬ್ಬರಿಗೆ ವಾಂತಿ, ಸಹಿ ಹಾಕುವ ಫಾರಂ ಒದ್ದೆಯಾಗಿ ಮತ್ತೆ ತರಬೇಕಾಯಿತು, ಜಿಗಣೆ ಕಂಡು ಇಬ್ಬರು ಕಿರುಚಿದರು. ಹೆಲ್ಮೆಟ್ ಬಿಗಿದು, ಬ್ರೀಫಿಂಗ್ ಮುಗಿಸಿ ನೀರಿಗಿಳಿಯುವಾಗ ಹನ್ನೊಂದಕ್ಕೆ ಹತ್ತೇ ನಿಮಿಷ. ಎಂಟರ ಫೋಟೊಗೂ ನಮಗೂ ನಡುವೆ ಸುಮಾರು ಮೂರು ಗಂಟೆ.

ಮೊದಲ ರ‍್ಯಾಫ್ಟ್‌ನ ಗೈಡ್ ನೇಪಾಳದವರು. ವಯಸ್ಸಿನಲ್ಲೂ ನೀರಿನಲ್ಲೂ ಹಿರಿಯರು, ನಮಗೆಲ್ಲ ದಾಯಿ, ಅಂದರೆ ಅಣ್ಣ. ಅವರು ಗೆರೆಯ ಕಡೆ ತಿರುಗಿ ನೋಡಲೇ ಇಲ್ಲ. ದಂಡೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಸ್ವಲ್ಪ ಹೊತ್ತು ಕಿವಿಗೊಟ್ಟು, “ಅಡಿಯಲ್ಲಿ ಕಲ್ಲು ಉರುಳುತ್ತಿದೆ,” ಎಂದರು. ನನಗೆ ಏನೂ ಕೇಳಿಸಲಿಲ್ಲ. ಗೆರೆ ನೋಡಿದೆ. ಮೂರರ ಮೇಲೆ ನಾಲ್ಕು ಬೆರಳು. “ಹಳದಿಯಲ್ಲೇ ಇದೆ ದಾಯಿ,” ಎಂದೆ. ನೀರಿನ ಬಣ್ಣ ಬೆಳಗಿನ ಹಸಿರುಗಂದು ಹೋಗಿ ಹಾಲು ಕಡಿಮೆ ಹಾಕಿದ ಕಾಫಿಯದಾಗಿತ್ತು. ತೋಟದ ರಸ್ತೆಯ ಕೆಸರು ಎಂದುಕೊಂಡೆ. ನಟ್ಟನಡುವೆ ಒಣಗಿದ ಎಲೆ, ಪುರಳೆ, ಬೂದು ನೊರೆ ತೇಲಿ ಬರುತ್ತಿದ್ದವು. ರಾತ್ರಿಯ ಗಾಳಿಗೆ ಬಿದ್ದದ್ದು ಎಂದುಕೊಂಡೆ. ದಂಡೆಯಲ್ಲಿ ತಿಂಗಳಿಂದ ಕುಳಿತಿದ್ದ ಕಸವನ್ನು ಎತ್ತಿಕೊಂಡು ಬರುವುದು ಏರುತ್ತಿರುವ ನೀರು ಮಾತ್ರ. ಅದನ್ನು ಹೊಸ ಗೈಡ್‌ಗಳಿಗೆ ಹೇಳಿಕೊಡುತ್ತಿದ್ದವನೇ ನಾನು.

ನಿಜ ಹೇಳಬೇಕೆಂದರೆ ನನಗೆ ಆ ನೀರು ಬೇಕಾಗಿತ್ತು. ಎರಡು ಅಡಿಯಲ್ಲಿ ಬರಪೊಳೆ ಎಂದರೆ ಬಂಡೆಗೆ ದೋಣಿ ಉಜ್ಜಿಕೊಂಡು ಹೋಗುವ ಕೂಲಿ. ಮೂರು ದಾಟಿದರೆ ಅದು ಕಯಾಕ್ ಮಾಡುವವನ ಹೊಳೆ. ರಭಸದ ಇಳಿತಗಳಿಗೆಲ್ಲ ಇಲ್ಲಿ ಒಂದೊಂದು ಹೆಸರು. ಮಾರ್ನಿಂಗ್ ಕಾಫಿಯಲ್ಲಿ ಅಲೆ ಎದೆಗೆ ಬಡಿಯಿತು, ಹಿಂದಿನ ರ‍್ಯಾಫ್ಟ್‌ನಲ್ಲಿ ಕೇಕೆ. ಗ್ರಾಸ್‌ಹಾಪರ್‌ನಲ್ಲಿ ನಾನು ಯಾವಾಗಲೂ ಬೂಫ್ ಮಾಡುವ, ಅಂದರೆ ದೋಣಿಯ ಮೂತಿ ಎತ್ತಿ ಹಾರುವ, ಎಡಗಡೆಯ ಬಂಡೆ ಕಾಣಲೇ ಇಲ್ಲ. ಅದರ ಜಾಗದಲ್ಲಿ ನುಣ್ಣಗೆ ಉಬ್ಬಿದ ನೀರು, ಅದರ ಕೆಳಗೆ ಹೋಲ್, ದೋಣಿಯನ್ನು ಹಿಡಿದಿಟ್ಟುಕೊಳ್ಳುವ ಸುಳಿ. ಬಲಕ್ಕೆ ಸರಿದು ಸಲೀಸಾಗಿ ಇಳಿದೆ. ಇಳಿದು ನಕ್ಕೆ ಕೂಡ. ಆ ಬಂಡೆ ಮುಳುಗಬೇಕಾದರೆ ಅಲ್ಲಿ ಎಷ್ಟು ನೀರು ಏರಿರಬೇಕು ಎಂಬ ಲೆಕ್ಕ ಹಾಕಲು ಬೇಕಾದದ್ದು ಎರಡು ಸೆಕೆಂಡ್. ಆ ಎರಡು ಸೆಕೆಂಡನ್ನು ನಾನು ನಗುವುದಕ್ಕೆ ಬಳಸಿದೆ.

ವಿಕೆಡ್ ವಿಚ್‌ಗೆ ಮುಂಚೆ ಬಲದಂಡೆಯಲ್ಲಿ ಒಂದು ಎಡ್ಡಿ ಇದೆ, ನೀರು ಹಿಂದಕ್ಕೆ ತಿರುಗಿ ದೋಣಿ ನಿಲ್ಲಿಸಲು ಬರುವ ಜಾಗ. ಸೇಫ್ಟಿ ಕಯಾಕ್ ಅಲ್ಲಿ ನಿಂತು, ಇಳಿದು, ಎಸೆಯುವ ಹಗ್ಗದ ಥ್ರೋ ಬ್ಯಾಗ್ ಹಿಡಿದು ಬಂಡೆಯ ಮೇಲೆ ನಿಂತ ಮೇಲೆಯೇ ರ‍್ಯಾಫ್ಟ್‌ಗೆ ಸನ್ನೆ. ಅಂದು ಎಡ್ಡಿ ಇರಬೇಕಾದ ಜಾಗದಲ್ಲಿ ನೀರು ಕುದಿಯುತ್ತಿತ್ತು. ಮೂತಿ ಒಳಗೆ ಹಾಕಿದೆ, ಉಸಿರೆಳೆದುಕೊಂಡಂತೆ ನೀರು ಕುಸಿದು ನನ್ನನ್ನು ಹೊರಕ್ಕೆ ಉಗುಳಿತು. ಮತ್ತೆ ನುಗ್ಗಿದೆ, ಮತ್ತೆ ಅದೇ. ಕೆಳಗೆ ವಿಚ್‌ನ ತುಟಿ ಕಾಣುತ್ತಿತ್ತು. ಅದರಾಚೆ ಏನೂ ಕಾಣುತ್ತಿರಲಿಲ್ಲ. ಎಂದಿನ ಬಿಳಿ ನೊರೆಯೂ ಇಲ್ಲ, ಮೇಲೇಳುವ ತುಂತುರು ಮಾತ್ರ. ದಂಡೆಯಿಂದ ವಾಟೆ ಬಿದಿರಿನ ಮೆಳೆಯೊಂದು ನೀರಿನೊಳಕ್ಕೆ ಬಾಗಿತ್ತು. ನೀರಿಗೆ ಬಾಗಿದ ಗಿಡವನ್ನು ಮುಟ್ಟಬೇಡ ಎಂಬುದು ನಾವು ಮೊದಲ ದಿನ ಕಲಿಯುವ ಪಾಠ, ಏಕೆಂದರೆ ನೀರು ಜರಡಿಯಲ್ಲಿ ಹಾದುಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ಎಡಗೈಯಲ್ಲಿ ಒಂದು ಹಿಡಿ ವಾಟೆ ಹಿಡಿದೆ. ಬೇರು ಕಿತ್ತು ಬರಲಿಲ್ಲ, ಅಷ್ಟೇ ನನ್ನ ಪುಣ್ಯ.

‘ನಿಲ್ಲಿ’ ಎನ್ನಲು ಪ್ಯಾಡಲ್ ಅನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಅಡ್ಡ ಹಿಡಿಯಬೇಕು. ನನಗಿದ್ದದ್ದು ಒಂದು ಕೈ. ಪ್ಯಾಡಲ್ ತೊಡೆಯ ಕೆಳಗೆ ಸಿಕ್ಕಿಸಿ ಸೀಟಿ ಊದಿದೆ, ಮೂರು ಸಲ. ಆ ಸದ್ದಿನಲ್ಲಿ ಸೀಟಿ ನನಗೇ ಸರಿಯಾಗಿ ಕೇಳಲಿಲ್ಲ. ತಿರುವಿನಲ್ಲಿ ನೀಲಿ ರ‍್ಯಾಫ್ಟ್ ಕಾಣಿಸಿಕೊಂಡಿತು. ದಾಯಿ ನಿಂತು ನೋಡಿದರು. ಸೀಟಿ ಕೇಳಿ ಅಲ್ಲ, ನಾನು ಇರಬೇಕಾದಲ್ಲಿ ಇಲ್ಲ ಎಂಬುದನ್ನು ನೋಡಿ ಅವರು ಅರ್ಥ ಮಾಡಿಕೊಂಡರಂತೆ, ಆಮೇಲೆ ಹೇಳಿದರು. “ಬ್ಯಾಕ್ ಪ್ಯಾಡಲ್!” ಎಂದು ಅವರು ಕೂಗಿದರೆ ಮುಂದೆ ಕುಳಿತಿದ್ದವರು ಇದೂ ಆಟದ ಭಾಗವೆಂದು ನಗುತ್ತಿದ್ದರು. ರ‍್ಯಾಫ್ಟ್ ಅಡ್ಡ ತಿರುಗಿ, ನನ್ನಿಂದ ಹತ್ತು ಮಾರು ಮೇಲೆ ದಂಡೆಗೆ ಬಡಿಯಿತು. ಹಿಂದೆ ಕುಳಿತಿದ್ದ ಒಬ್ಬರು ನೀರಿಗೆ ಬಿದ್ದರು, ಆದರೆ ಸುತ್ತಿನ ಹಗ್ಗ ಬಿಟ್ಟಿರಲಿಲ್ಲ. ದಾಯಿ ಒಂದು ಕೈಯಲ್ಲಿ ಮರದ ಬೇರು, ಇನ್ನೊಂದರಲ್ಲಿ ಅವರ ಲೈಫ್ ಜಾಕೆಟ್‌ನ ಭುಜ ಹಿಡಿದು ಎಳೆದರು. ಎರಡನೇ ರ‍್ಯಾಫ್ಟ್‌ಗೆ ಅಂತರ ಬಿಟ್ಟು ಬನ್ನಿ ಎಂದು ಅವರೇ ಹೇಳಿದ್ದರಿಂದ ಅದು ತಿರುವಿನಾಚೆಯೇ ದಂಡೆ ಹಿಡಿದಿತ್ತು.

ಎಲ್ಲರನ್ನೂ ಎಣಿಸಿ, ದೋಣಿ ಕಟ್ಟುವ ಮೊದಲು ನೀರಿನ ಅಂಚಿನಲ್ಲಿ ಒಂದು ಮುಷ್ಟಿ ಗಾತ್ರದ ಕಲ್ಲು ಇಟ್ಟೆ. ಗಂಟು ಬಿಗಿದು ತಿರುಗುವಷ್ಟರಲ್ಲಿ ಅದರ ಮೇಲೆ ಒಂದು ಗೇಣು ನೀರಿತ್ತು.

ಆಮೇಲೆ ನಡಿಗೆ. ರ‍್ಯಾಫ್ಟ್ ತಲೆಯ ಮೇಲೆ, ಕಾಫಿ ತೋಟದ ಏರು, ಜಿಗಣೆ. ನೀರಿಗೆ ಬಿದ್ದವರು ಒಂದು ಮಾತೂ ಆಡಲಿಲ್ಲ. ಇನ್ನೊಬ್ಬರು ಬಂದು, “ಬಿಗ್ ಬ್ಯಾಂಗ್ ಇನ್ನೂ ಬಾಕಿ ಇದೆಯಲ್ಲ ಸರ್, ಅದರ ದುಡ್ಡು ವಾಪಸ್ ಕೊಡುತ್ತೀರಾ?” ಎಂದು ಕೇಳಿದರು.

ಜೀಪಿನಲ್ಲಿ ಪುಟ್‌ಇನ್‌ಗೆ ವಾಪಸ್ ಹೋದಾಗ ಗೆರೆ ಮೂರೂಮುಕ್ಕಾಲು. ನಾವು ಹೊರಟಾಗ ಚಾರ್ಟ್ ಪ್ರಕಾರ ಎಲ್ಲವೂ ಸರಿ ಇತ್ತು, ಇಡೀ ಜಗಳ ಇರುವುದೇ ಅಲ್ಲಿ. ಆ ಬಂಡೆ ಇರುವ ಕಡೆ ಹೊಳೆ ಅಗಲವಾಗಿ ಹರಡಿಕೊಂಡಿದೆ. ಎಷ್ಟೇ ನೀರು ಬಂದರೂ ಪಕ್ಕಕ್ಕೆ ಜಾಗವಿದೆ, ಗೆರೆ ಬೆರಳಿನಷ್ಟೇ ಏರುತ್ತದೆ. ಅದೇ ನೀರು ವಿಚ್‌ನ ಇಕ್ಕಟ್ಟಿಗೆ ಬಂದಾಗ ಏರಬೇಕು, ಇಲ್ಲವೇ ಓಡಬೇಕು. ಎರಡನ್ನೂ ಮಾಡುತ್ತದೆ. ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಇಳಿಯುತ್ತಿರುವ ಮೂರು ಅಡಿ ನನಗೆ ಗೊತ್ತಿರುವ ಹೊಳೆ. ಏರುತ್ತಿರುವ ಮೂರು ಅಡಿ ಎಂದರೆ ಮುಂದಿನ ತಿರುವಿನಲ್ಲಿ ಎಷ್ಟಿರುತ್ತದೋ ಯಾರಿಗೂ ಗೊತ್ತಿಲ್ಲ. ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬಂಡೆಯ ಮೇಲೆ ನೀರಿನಿಂದ ಮೇಲಕ್ಕೆ ಒದ್ದೆ ಪಟ್ಟೆಯಿದ್ದರೆ ಇಳಿಕೆ, ಒಣಗಿದ ಕಲ್ಲು ನೇರ ನೀರಿಗೆ ಮುಟ್ಟಿದ್ದರೆ ಏರಿಕೆ ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಕಕ್ಕಡದಲ್ಲಿ ಇಲ್ಲಿ ಒಣಗಿದ ಕಲ್ಲು ತೋರಿಸಿದವರಿಗೆ ಬಹುಮಾನ ಕೊಡಬಹುದು.

ರೈಟರ್ ಹೇಳಿದ ಲೆಕ್ಕವೂ ಸುಳ್ಳಲ್ಲ. ಸಂಜೆ ಹೋಗಿ ಕೇಳಿದೆ. ಆ ಒಂದೂಕಾಲು ಇಂಚು ಬಹುಪಾಲು ಬಿದ್ದದ್ದು ಬೆಳಗಿನ ಐದರ ಮೇಲೆ. ಎಂಟಕ್ಕೆ ಅಳೆದು ಚೆಲ್ಲಿದ ಮೇಲೂ ಗುಡ್ಡದ ಮೇಲೆ ಸುರಿಯುತ್ತಲೇ ಇತ್ತಂತೆ. “ಅದು ನಾಳೆಯ ಲೆಕ್ಕಕ್ಕೆ ಅಲ್ಲವೇ?” ಎಂದರು. ಪುಸ್ತಕಕ್ಕೆ ಹೌದು. ಎಷ್ಟು ಇಂಚು ಎಂದು ಕೇಳಿದ್ದೆ, ಯಾವಾಗ ಎಂದು ಕೇಳಿರಲಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತವೆ, ನಿಜ. ಪುಟ್‌ಇನ್‌ನಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿದರೆ ತಾನೇ?

ಈಗ ದಾಯಿ ವಿಚ್‌ನ ಮೇಲಿನ ಬಂಡೆಗೆ ತಾವೇ ಇನ್ನೊಂದು ಗೆರೆ ಬಳಿದಿದ್ದಾರೆ. ನೀರಿಗಿಳಿಯುವ ಹೊತ್ತಿಗೆ ಅಂಚಿನಲ್ಲಿ ಕಲ್ಲಿಟ್ಟು, ಬ್ರೀಫಿಂಗ್ ಮುಗಿದ ಮೇಲೆ ನೋಡುತ್ತೇವೆ. ಕಲ್ಲು ಮುಳುಗಿದ್ದರೆ ಚಾರ್ಟ್ ಯಾವ ಬಣ್ಣ ಹೇಳಿದರೂ ದೋಣಿ ಜೀಪಿಗೆ. ಇದನ್ನು ಒಪ್ಪಿಸಲು ಕಚೇರಿಯೊಂದಿಗೆ ಒಂದಿಡೀ ಸೀಸನ್ ಜಗಳವಾಡಿದೆವು. ಕೊನೆಗೆ ನಿರ್ಧಾರ ದಾಯಿಯದು ಎಂದಾಯಿತು. ಕಳೆದ ವರ್ಷ ತುಂಬಿದ ಭಾನುವಾರವೊಂದರಲ್ಲಿ ಕಲ್ಲು ಮುಳುಗಿತು, ಅವರು ಬೇಡ ಎಂದರು. ಮಧ್ಯಾಹ್ನಕ್ಕೆ ನೀರು ಇಳಿದು, ಮಕ್ಕಳನ್ನು ಕರೆದೊಯ್ಯಬಹುದಾದಷ್ಟು ಸಾಧುವಾಗಿತ್ತು. ಬ್ಯಾಚ್ ರದ್ದಾದ ಹಣವನ್ನು ನಮ್ಮ ಇನ್ಸೆಂಟಿವ್‌ನಲ್ಲಿ ಹಿಡಿದುಕೊಂಡರು. ದಾಯಿಗೆ ಅದರ ಬೇಸರವಿಲ್ಲ. ನನಗಿದೆ, ಹಿಡಿದುಕೊಂಡವರ ಮೇಲೆ.